ಹೊಗೆ ಬಿಡುತ್ತೇವೆ

ಮೂವತ್ತು ವರ್ಷ ಅಚ್ಚುಕೂಟಗಳಲ್ಲಿ ಕರಡು ತಿದ್ದಿ ಕಣ್ಣು ಮಂಜು ಮಾಡಿಕೊಂಡ ನನಗೆ ಈ ಭೂಮಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿಸುವ ಸಭೆ ಒಂದೇ ಒಂದು, ಅದು ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆ. ನಾವು ಒಂದು ಫಾರಂನ ಕರಡನ್ನು ಮೂರನೆಯ ಸಲ ಕೇಳಿದರೆ ಮೆಷಿನ್‌ಮನ್ ಕಿವಿಗೆ ಸಿಕ್ಕಿಸಿಕೊಂಡಿದ್ದ ಬೀಡಿಯನ್ನು ಬಾಯಿಗಿಟ್ಟುಕೊಂಡು, "ತಪ್ಪು ತಿದ್ದೋದು ನಿಮ್ಮ ಕೆಲಸ ನಿಜ ಸ್ವಾಮಿ, ಪುಸ್ತಕ ಹೊರಗೆ ಬರೋದು ಬೇಡವೆ?" ಎಂದು ಗದರುತ್ತಿದ್ದ. ಅಲ್ಲಿ ಹಾಗಲ್ಲ. 1995ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಭೆ ಸೇರಿದಾಗಿನಿಂದ, ಕೋವಿಡ್ಡಿನ 2020 ಒಂದನ್ನು ಬಿಟ್ಟರೆ ವರ್ಷ ತಪ್ಪದೆ, ಹೆಚ್ಚುಕಡಿಮೆ ಇನ್ನೂರು ರಾಷ್ಟ್ರಗಳ ಪ್ರತಿನಿಧಿಗಳು ವಿಮಾನ ಹತ್ತಿ ಬಂದು, ಎರಡು ವಾರ ಹಗಲೂ ರಾತ್ರಿ ಕುಳಿತು ಕರಡು ತಿದ್ದುತ್ತಾರೆ. ಮೆಷಿನ್ ಕಾಯುತ್ತಿದೆ ಎಂದು ನೆನಪಿಸುವವನು ಅಲ್ಲಿ ಯಾರೂ ಇಲ್ಲ.

ಆ ಸಭೆಯ ನಿಯಮಾವಳಿಯೇ ಇಂದಿಗೂ ಕರಡಿನ ರೂಪದಲ್ಲಿದೆ ಎಂದು ತಿಳಿದ ದಿನ ನಾನು ಮನಸ್ಸಿನಲ್ಲೇ ಕೈಮುಗಿದೆ. ಮತದಾನದ ಬಗೆಯನ್ನು ಹೇಳುವ 42ನೆಯ ನಿಯಮದ ಮೇಲೆ ಒಮ್ಮತ ಮೂಡದ ಕಾರಣ ನಿಯಮಾವಳಿ ಅಂಗೀಕಾರವಾಗಲೇ ಇಲ್ಲ. ಅದೊಂದನ್ನು ಬಿಟ್ಟು ಉಳಿದವನ್ನು ಸದ್ಯಕ್ಕೆ ಬಳಸಿಕೊಳ್ಳೋಣ ಎಂದುಕೊಂಡು ಮೂರು ದಶಕ ಕಳೆದಿವೆ. ಮತ ಹಾಕುವಂತಿಲ್ಲವಾದ್ದರಿಂದ ಎಲ್ಲರೂ ಒಪ್ಪಬೇಕು. ಎಲ್ಲರೂ ಒಪ್ಪಬೇಕಾದ್ದರಿಂದ ಯಾರಿಗೂ ತಾಗದ ಪದ ಬೇಕು. ಒಪ್ಪಿಗೆಯಾಗದ ಪದಗಳನ್ನು ಚೌಕ ಆವರಣದೊಳಗೆ ಕೂರಿಸಿಡುತ್ತಾರೆ. ಒಂದೊಂದು ವಾಕ್ಯದಲ್ಲಿ ಇಂಥ ಆವರಣಗಳು ಎಷ್ಟಿರುತ್ತವೆಂದರೆ, ಓದುವವನಿಗೆ ಪೊಲೀಸ್ ಠಾಣೆಯ ಲಾಕಪ್ಪುಗಳ ಮುಂದೆ ನಡೆದುಹೋದಂತಾಗುತ್ತದೆ. ಅವುಗಳ ಕೆಳಗೆ ಆಯ್ಕೆ ಒಂದು, ಆಯ್ಕೆ ಎರಡು ಎಂದು ಪಾಠಾಂತರಗಳು. ಕೊನೆಯ ಆಯ್ಕೆ ಎಷ್ಟೋ ಸಲ 'ಪಾಠವೇ ಬೇಡ' ಎಂದಿರುತ್ತದೆ. ತಾಳೆಗರಿಗಳ ನಡುವೆ ಆಯುಷ್ಯ ಕಳೆದ ನಮ್ಮ ಪಂಡಿತರಿಗೂ ಈ ಒಂದು ಪಾಠಾಂತರ ಹೊಳೆದಿರಲಿಲ್ಲ.

2015ರ ಡಿಸೆಂಬರ್ 12ರಂದು ಪ್ಯಾರಿಸ್‌ನಲ್ಲಿ ನಡೆದದ್ದನ್ನಂತೂ ನನ್ನ ಕಸುಬಿನವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಬೇಕು. ಒಪ್ಪಂದದ ಅಂತಿಮ ಪಾಠ ಕೈಸೇರಿದ ಮೇಲೆ ಅಮೆರಿಕದವರು 4ನೆಯ ವಿಧಿಯ 4ನೆಯ ಖಂಡದಲ್ಲಿ ಒಂದು ಪದವನ್ನು ಕಂಡು ಬೆಚ್ಚಿಬಿದ್ದರು. ನಮ್ಮ ಸರ್ಕಾರಿ ಆದೇಶಗಳ ಭಾಷೆಯಲ್ಲಿ ಹೇಳುವುದಾದರೆ, ಹೊಗೆ ಇಳಿಸುವ ಕೆಲಸದಲ್ಲಿ ಮುಂದುವರಿದ ದೇಶಗಳು 'ಮುಂದಾಳತ್ವ ವಹಿಸತಕ್ಕದ್ದು' ಎಂದು ಅಲ್ಲಿತ್ತು. 'ತಕ್ಕದ್ದು' ಎಂದರೆ ಕಾನೂನಿನ ಕಟ್ಟು. ಅದಕ್ಕೆ ಅಮೆರಿಕದ ಸೆನೆಟ್ಟಿನ ಒಪ್ಪಿಗೆ ಬೇಕು, ಅದು ಸಿಗುವ ಲಕ್ಷಣವಿರಲಿಲ್ಲ. ಸಭೆ ತಡವಾಯಿತು, ಮೂಲೆಮೂಲೆಗಳಲ್ಲಿ ಗುಸುಗುಸು ನಡೆಯಿತು, ಕೊನೆಗೆ ಸಚಿವಾಲಯದ ಅಧಿಕಾರಿಯೊಬ್ಬರು ಸಣ್ಣಪುಟ್ಟ ತಿದ್ದುಪಡಿಗಳ ಪಟ್ಟಿಯನ್ನು ಓದುವಾಗ ಇದನ್ನೂ ಅದರ ನಡುವೆ ಸೇರಿಸಿ, 'ತಕ್ಕದ್ದು' ಇದ್ದಲ್ಲಿ 'ವಹಿಸುವುದು ಸೂಕ್ತ' ಎಂಬರ್ಥದ ಪದವನ್ನು ಕೂರಿಸಿ ಮುಂದಕ್ಕೆ ಹೋದರು. ಮುದ್ರಣದೋಷ, ಅಷ್ಟೆ. 'ಮಗಳು' ಇರಬೇಕಾದಲ್ಲಿ 'ಮುಗುಳು' ಎಂದು ಅಚ್ಚಾಯಿತೆಂದು ಒಂದು ಮದುವೆಯ ಮನೆಯವರಿಂದ ಬೈಸಿಕೊಂಡವನು ನಾನು. ಅರ್ಧ ಜಗತ್ತಿನ ಹೊಣೆಗಾರಿಕೆಯನ್ನು ಮುದ್ರಣದೋಷದ ಲೆಕ್ಕಕ್ಕೆ ಬರೆದು ಚಪ್ಪಾಳೆ ಗಿಟ್ಟಿಸುವ ವಿದ್ಯೆ ನಮಗೆ ಯಾರೂ ಕಲಿಸಲಿಲ್ಲ. ಅಂದಹಾಗೆ, ಆ ಒಪ್ಪಂದದಲ್ಲಿ ಎಷ್ಟು ಹುಡುಕಿದರೂ ಕಲ್ಲಿದ್ದಲು ಎಂಬ ಪದವಿಲ್ಲ, ಪಳೆಯುಳಿಕೆ ಇಂಧನ ಎಂಬ ಪದವೂ ಇಲ್ಲ. ಸಕ್ಕರೆ ಕಾಯಿಲೆಯವನಿಗೆ ಬರೆದುಕೊಟ್ಟ ಪಥ್ಯದ ಚೀಟಿಯಲ್ಲಿ ಸಕ್ಕರೆಯ ಹೆಸರೆತ್ತದ ದಾಕ್ಷಿಣ್ಯ ಅದು.

ಮೂರು ವರ್ಷದ ಮೇಲೆ, 2018ರಲ್ಲಿ, ಸಭೆ ಪೋಲೆಂಡಿನ ಕಲ್ಲಿದ್ದಲು ಸೀಮೆಯ ಕಾಟೊವೀಟ್ಸೆಗೆ ಹೋಯಿತು. ಪ್ರಾಯೋಜಕರಲ್ಲಿ ಒಂದು ಕಲ್ಲಿದ್ದಲು ಕಂಪನಿಯಿತ್ತು. ಆತಿಥೇಯ ನಗರದ ಮಳಿಗೆಯಲ್ಲಿ ಕಲ್ಲಿದ್ದಲಿನ ಒಡವೆಗಳನ್ನೂ ಕಲ್ಲಿದ್ದಲಿನ ಸೋಪನ್ನೂ ಅಂದವಾಗಿ ಜೋಡಿಸಿಟ್ಟಿದ್ದರು. ಆ ಸೋಪಿನಿಂದ ಕೈ ತೊಳೆದುಕೊಂಡ ಪ್ರತಿನಿಧಿಗಳು ಚರ್ಚೆಗೆತ್ತಿಕೊಂಡ ಪ್ರಶ್ನೆ ಇದು: ತಾಪಮಾನ ಒಂದೂವರೆ ಡಿಗ್ರಿ ಏರಿದರೆ ಏನಾಗುತ್ತದೆಂದು ವಿಜ್ಞಾನಿಗಳು ಕೊಟ್ಟ ವರದಿಯನ್ನು 'ಸ್ವಾಗತಿಸ'ಬೇಕೋ, ಬರಿದೆ 'ಗಮನಿಸ'ಬೇಕೋ? ವರದಿ ಬೇಕೆಂದು ಪ್ಯಾರಿಸ್‌ನಲ್ಲಿ ಕೇಳಿದವರು ಇವರೇ. ಅಮೆರಿಕ, ರಷ್ಯಾ, ಸೌದಿ ಅರೇಬಿಯ, ಕುವೈತ್ ಸ್ವಾಗತಕ್ಕೆ ಒಪ್ಪಲಿಲ್ಲ. ದಿನಗಟ್ಟಲೆ ಜಗ್ಗಾಡಿ ಕಂಡುಕೊಂಡ ಪರಿಹಾರವೆಂದರೆ, ವರದಿಯನ್ನಲ್ಲ, ಅದು ಸಕಾಲಕ್ಕೆ ಮುಗಿದದ್ದನ್ನು ಸ್ವಾಗತಿಸುವುದು. ಎಕ್ಸ್‌ರೇ ನೋಡಿದ ಡಾಕ್ಟರು ಶ್ವಾಸಕೋಶ ಹೋಗಿದೆ ಎಂದಾಗ, "ಏನಾದರಾಗಲಿ, ಫಿಲಂ ಬೇಗ ತೊಳೆದುಕೊಟ್ಟಿರಿ" ಎಂದು ಕೈಕುಲುಕಿ ಎದ್ದುಬಂದ ರೋಗಿಯನ್ನು ನಾನಂತೂ ಕಂಡಿಲ್ಲ.

2021ರ ಗ್ಲಾಸ್ಗೋದಲ್ಲಿ ಕೊನೆಗೂ ಕಲ್ಲಿದ್ದಲಿನ ಹೆಸರು ಬಂತು, ಹಂತಹಂತವಾಗಿ 'ಕೈಬಿಡುವುದು' ಎಂಬ ಕ್ರಿಯಾಪದದೊಂದಿಗೆ. ಕೊನೆಯ ಗಳಿಗೆಯಲ್ಲಿ ನಮ್ಮ ಪರಿಸರ ಸಚಿವ ಭೂಪೇಂದ್ರ ಯಾದವ್ ಎದ್ದುನಿಂತು ಆ ಪದವನ್ನು 'ತಗ್ಗಿಸುವುದು' ಎಂದು ತಿದ್ದಿಸಿದರು. ಸಭೆಯ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಕ್ಷಮೆ ಕೇಳುವಾಗ ಅವರ ಗಂಟಲು ಕಟ್ಟಿತು. ಭಾರತದ ಮಾತಿನಲ್ಲಿ ನ್ಯಾಯವಿರಲಿಲ್ಲವೆನ್ನಲಾರೆ: ಬಡವರು ಉರಿಸುವ ಕಲ್ಲಿದ್ದಲನ್ನು ಹೆಸರು ಹಿಡಿದು ಕರೆದು, ಸಿರಿವಂತರ ತೈಲ ಮತ್ತು ಅನಿಲವನ್ನು ಮರೆಯಲ್ಲಿಟ್ಟದ್ದು ಎಲ್ಲರಿಗೂ ಕಾಣುತ್ತಿತ್ತು. ಮರುವರ್ಷ ಈಜಿಪ್ಟಿನಲ್ಲಿ, ಹಾಗಾದರೆ ಎಲ್ಲ ಪಳೆಯುಳಿಕೆ ಇಂಧನಗಳನ್ನೂ ತಗ್ಗಿಸೋಣ ಎಂದು ಭಾರತ ಹೇಳಿದಾಗ ಆ ವಾಕ್ಯ ಅಂತಿಮ ಪಾಠಕ್ಕೆ ಬರಲೇ ಇಲ್ಲ. ಆಯ್ಕೆ: ಪಾಠವೇ ಬೇಡ.

ಇನ್ನು 2023ರ ದುಬೈ. ಅಧ್ಯಕ್ಷರು ಸುಲ್ತಾನ್ ಅಲ್ ಜಾಬರ್, ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯ ಮುಖ್ಯಸ್ಥರು. ಒಂದು ಹುದ್ದೆಗಾಗಿ ಇನ್ನೊಂದನ್ನು ಬಿಡುವ ಅಗತ್ಯ ಅವರಿಗೆ ಕಾಣಲಿಲ್ಲ. ಡಿಸೆಂಬರ್ 13ರ ಬೆಳಿಗ್ಗೆ ಸಭೆ ಸೇರಿದ ಕೆಲವೇ ನಿಮಿಷಗಳಲ್ಲಿ ಅವರು ಸುತ್ತಿಗೆ ಕುಟ್ಟಿ ನಿರ್ಣಯ ಅಂಗೀಕಾರವಾಯಿತೆಂದರು. ಸಮುದ್ರ ಏರಿದರೆ ಮೊದಲು ಮುಳುಗುವ ಸಣ್ಣ ದ್ವೀಪರಾಷ್ಟ್ರಗಳ ಪ್ರತಿನಿಧಿಗಳು ಆ ಹೊತ್ತಿಗೆ ಸಭಾಂಗಣದೊಳಗೆ ಇರಲಿಲ್ಲ. ಬಂದ ಮೇಲೆ ಸಮೋವಾದ ಪ್ರತಿನಿಧಿ ಅದನ್ನೇ ಹೇಳಿದರು; ಎಲ್ಲರೂ ಎದ್ದುನಿಂತು ಅವರಿಗೆ ದೀರ್ಘವಾಗಿ ಚಪ್ಪಾಳೆ ತಟ್ಟಿ, ಮತ್ತೆ ಕುಳಿತರು. ಅಂಗೀಕಾರವಾದ ಕ್ರಿಯಾಪದ ಈ ಸಲ 'ಕೈಬಿಡುವುದು' ಅಲ್ಲ, 'ತಗ್ಗಿಸುವುದು' ಅಲ್ಲ, ಪಳೆಯುಳಿಕೆ ಇಂಧನಗಳಿಂದ ನ್ಯಾಯಯುತವಾಗಿ, ಕ್ರಮಬದ್ಧವಾಗಿ 'ದೂರ ಸರಿಯುವುದು'. ಎಷ್ಟು ದೂರವೆಂದು ಕೇಳಬಾರದು. ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಕಾಲಗಲಿಸಿ ಕುಳಿತವನಿಗೆ "ಸ್ವಲ್ಪ ಸರೀರಿ" ಎಂದರೆ, ಅವನು ಸೊಂಟವನ್ನು ಒಮ್ಮೆ ಎತ್ತಿ ಇದ್ದ ಜಾಗದಲ್ಲೇ ಇಳಿಸಿ, ಸರಿದ ಮುಖ ಮಾಡಿಕೊಂಡು ಕಿಟಕಿಯ ಹೊರಗೆ ನೋಡುತ್ತಾನಲ್ಲ, ಆ ಕ್ರಿಯೆಗೆ ವಿಶ್ವಸಂಸ್ಥೆಯ ಭಾಷೆಯಲ್ಲಿ ಒಂದು ಪದ ಬೇಕಾಗಿತ್ತು, ಸಿಕ್ಕಿತು.

ಕ್ರಿಯಾಪದ ಕೈಕೊಟ್ಟಲ್ಲಿ ವಿಶೇಷಣ ಕಾಪಾಡುತ್ತದೆ. ತಗ್ಗಬೇಕಾದದ್ದು ಬರಿಯ ಕಲ್ಲಿದ್ದಲಲ್ಲ, 'ಹೊಗೆ ಹಿಡಿದಿಡದ' ಕಲ್ಲಿದ್ದಲು. ಹೊಗೆ ಹಿಡಿಯುವ ಯಂತ್ರ ಎಲ್ಲೋ ಬರಲಿದೆ ಎಂದರೆ ಸಾಕು, ಈ ಕಡೆ ಬಾಯ್ಲರ್ ನಿಶ್ಚಿಂತೆಯಿಂದ ಉರಿಯಬಹುದು. 'ಕಡಿಮೆ ಹೊಗೆಯ' ಇಂಧನ ಎಂಬ ವಿಶೇಷಣದ ಕೊಡೆಯಡಿ ನೈಸರ್ಗಿಕ ಅನಿಲ ಒಳಗೆ ಬಂದು ಕುಳಿತಿತು. ಯುರೋಪಿನವರು ಇನ್ನೂ ಮುಂದೆ ಹೋಗಿ, 2023ರ ಜನವರಿಯಿಂದ, ಕೆಲವು ಷರತ್ತುಗಳೊಂದಿಗೆ, ಅನಿಲವನ್ನೂ ಪರಮಾಣು ವಿದ್ಯುತ್ತನ್ನೂ ಸುಸ್ಥಿರ ಹೂಡಿಕೆಯ ಪಟ್ಟಿಗೆ ಸೇರಿಸಿದರು. ಅದೇ ವರ್ಷದ ಏಪ್ರಿಲ್ 15ರಂದು ಜರ್ಮನಿ ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು ಆರಿಸಿತು. ಅಲ್ಲಿನ ಗಾರ್ಟ್ಸ್‌ವೈಲರ್‌ನಲ್ಲಿ ಕಂದು ಕಲ್ಲಿದ್ದಲಿನ ಗಣಿಗೆ ಜಾಗ ಸಾಲದೆಂದು ಗಾಳಿಯಂತ್ರಗಳನ್ನೇ ಕಿತ್ತು ಬದಿಗಿಟ್ಟರು. ಗಾಳಿಯಂತ್ರವನ್ನು ಕಿತ್ತು ಕಲ್ಲಿದ್ದಲು ತೆಗೆಯುವ ಕ್ರಿಯೆಗೆ ಇನ್ನೂ ವಿಶೇಷಣ ಸಿಕ್ಕಿಲ್ಲ. ಕರಡು ತಿದ್ದುವವರಿಗೆ ಸ್ವಲ್ಪ ಕಾಲಾವಕಾಶ ಕೊಡಬೇಕು. ಅತ್ತ ದುಬೈನಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳು 2050ರ ಹೊತ್ತಿಗೆ ಪರಮಾಣು ಸಾಮರ್ಥ್ಯವನ್ನು ಮೂರು ಪಟ್ಟು ಮಾಡುವ ಘೋಷಣೆಗೆ ಸಹಿ ಹಾಕಿದವು. ಒಂದು ಸ್ಥಾವರ ಏಳುವುದಕ್ಕೆ ಎಷ್ಟು ವರ್ಷ ಹಿಡಿಯುತ್ತದೆಂದು ಕೈಗಾದವರನ್ನು ಕೇಳಿದ್ದರೆ ಹೇಳುತ್ತಿದ್ದರು, ಆದರೆ ಘೋಷಣೆಗೆ ಕಾಂಕ್ರೀಟು ಬೇಕಿಲ್ಲವಲ್ಲ.

2024ರಲ್ಲಿ ಸಭೆ ಸೇರಿದ ಅಜರ್‌ಬೈಜಾನಿನ ಬಾಕುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೈಲ ಮತ್ತು ಅನಿಲ ದೇವರ ಕೊಡುಗೆ ಎಂದು ಆತಿಥೇಯ ಅಧ್ಯಕ್ಷರೇ ಸ್ವಾಗತ ಭಾಷಣ ಮಾಡಿದ ಮೇಲೆ ಅತಿಥಿಗಳು ಪ್ರಸಾದ ಬೇಡವೆನ್ನುವುದು ಹೇಗೆ? 2025ರಲ್ಲಿ ಅಮೆಜಾನ್ ತೀರದ ಬೆಲೆಂನಲ್ಲಿ ಎಂಬತ್ತಕ್ಕೂ ಹೆಚ್ಚು ದೇಶಗಳು ದೂರ ಸರಿಯುವುದಕ್ಕೆ ಒಂದು ದಾರಿನಕ್ಷೆಯಾದರೂ ಇರಲಿ ಎಂದವು. ಮುಖ್ಯ ನಿರ್ಣಯದಲ್ಲಿ ನಕ್ಷೆಯೂ ಬರಲಿಲ್ಲ, ಪಳೆಯುಳಿಕೆ ಇಂಧನದ ಹೆಸರೂ ಬರಲಿಲ್ಲ. ನಡುವೆ ಸಭಾಂಗಣಕ್ಕೇ ಬೆಂಕಿ ಬಿದ್ದು ಎಲ್ಲರೂ ಹೊರಗೆ ಓಡಬೇಕಾಯಿತು. ಆ ಒಂದು ದಿನ ಮಾತ್ರ ಹೊಗೆ ಕಂಡ ಕೂಡಲೇ, ಆವರಣ ಚಿಹ್ನೆಗಳಿಲ್ಲದೆ, ಸರ್ವಾನುಮತದಿಂದ ದೂರ ಸರಿದರು.

ದುಬೈನ ಪಾಠವನ್ನು ಮಗ ಮೊಬೈಲಿನಲ್ಲಿ ತೆಗೆದುಕೊಟ್ಟ ದಿನ ನಾನು ಊರಿನ ರೈಲ್ವೆ ಗೇಟಿನಲ್ಲಿ ನಿಂತಿದ್ದೆ. ಗೂಡ್ಸ್ ಬಂತು. ಕಲ್ಲಿದ್ದಲು ತುಂಬಿದ ವ್ಯಾಗನ್ನುಗಳನ್ನು ಎಣಿಸುವುದು ನನಗೆ ಬಾಲ್ಯದ ಚಟ, ಐವತ್ತೆಂಟಿದ್ದವು. ಕೊನೆಯ ವ್ಯಾಗನ್ನು ದಾಟುವಾಗ ಗಾಳಿಗೆದ್ದ ಪುಡಿ ಮೊಬೈಲಿನ ಗಾಜಿನ ಮೇಲೆ, ಸರಿಯಾಗಿ 'ಕ್ರಮಬದ್ಧವಾಗಿ' ಎಂಬುದರ ಮೇಲೆ ಕುಳಿತು, ಬೆರಳಿನಿಂದ ಒರೆಸಿದರೆ ವಾಕ್ಯದುದ್ದಕ್ಕೂ ಹರಡಿತು. ಆ ಕಲ್ಲಿದ್ದಲಿಗೆ ವಿಶೇಷಣ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಮೂರೂವರೆ ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ ಎಂಬ ಹೈಸ್ಕೂಲಿನ ಲೆಕ್ಕ ಮಾತ್ರ ಯಾವ ಸಭೆಯಲ್ಲೂ ತಿದ್ದುಪಡಿಯಾಗಿಲ್ಲ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯುವವರ ಪುಸ್ತಕದಲ್ಲಿ, ಬರ್ಲಿನ್ ಸಭೆಯ ವರ್ಷ ಆ ಅನಿಲ ಹತ್ತು ಲಕ್ಷ ಭಾಗಗಳಲ್ಲಿ 361 ಇತ್ತು. 2024ರಲ್ಲಿ 424ನ್ನು ದಾಟಿತು. ನಮ್ಮ ದೇಶ 2024-25ರಲ್ಲಿ ಮೊದಲ ಬಾರಿಗೆ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆದು ಸಂಭ್ರಮಿಸಿತು. ಗ್ಲಾಸ್ಗೋದಲ್ಲಿ ನಾವೇ ತಿದ್ದಿಸಿದ ಆ ಕ್ರಿಯಾಪದದ ಭೂತಕಾಲ ರೂಪವನ್ನು ಯಾವಾಗ ಬಳಸುತ್ತೇವೆಂಬುದನ್ನು ವ್ಯಾಕರಣದ ಮೇಷ್ಟರೂ ಹೇಳಲಾರರು.

ಮುಂದಿನ ಸಭೆ ತುರ್ಕಿಯ ಅಂತಾಲ್ಯದಲ್ಲಂತೆ. ಚಪ್ಪರ ತುರ್ಕಿಯದು, ಮಾತುಕತೆಯ ಯಜಮಾನಿಕೆ ಲೋಕಕ್ಕೆಲ್ಲ ಕಲ್ಲಿದ್ದಲು ಮಾರುವ ಆಸ್ಟ್ರೇಲಿಯದ್ದು. ಅಲ್ಲಿಗೆ ನಾನೊಂದು ಮನವಿ ಬರೆದಿದ್ದೇನೆ. ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಎಂಬ ಆರು ಭಾಷೆಗಳಲ್ಲಿ ಮೂವತ್ತು ವರ್ಷ ಹುಡುಕಿದರೂ ಸಿಗದ ಪದ ನಮ್ಮ ಭಾಷೆಯಲ್ಲಿದೆಯಾದ್ದರಿಂದ ಕನ್ನಡವನ್ನು ಏಳನೆಯದಾಗಿ ಸೇರಿಸಿಕೊಳ್ಳಬೇಕು. ನಿರ್ಣಯವನ್ನು "ನಾವು ಹೊಗೆ ಬಿಡುತ್ತೇವೆ" ಎಂಬ ಒಂದೇ ವಾಕ್ಯಕ್ಕೆ ಇಳಿಸಬೇಕು. ಕೈಬಿಡಬೇಕೆನ್ನುವವರಿಗೆ ಅದು ತ್ಯಾಗದ ಮಾತು, ಚಿಮಣಿ ಕಟ್ಟಿಸುವವರಿಗೆ ಅದೇ ವರದಿ. ಈಗ ಬಿಡುತ್ತಿದ್ದೇವೆಂದೂ ಆಗುತ್ತದೆ, ಮುಂದೆಂದೋ ಬಿಡುತ್ತೇವೆಂದೂ ಆಗುತ್ತದೆ. ಗಡುವು ಹಾಕುವ ರಗಳೆಯಿಲ್ಲ. ಇದು ನನ್ನ ಸ್ವಂತ ಶೋಧವೇನಲ್ಲ. ನಮ್ಮ ಮೆಷಿನ್‌ಮನ್ ಪ್ರತಿ ಯುಗಾದಿಗೂ "ಈ ವರ್ಷ ಹೊಗೆ ಬಿಡ್ತೀನಿ ಸ್ವಾಮಿ" ಎಂದು ಮಾತು ಕೊಟ್ಟು, ನಿವೃತ್ತನಾಗುವ ದಿನದವರೆಗೂ ಅದನ್ನು ಅಕ್ಷರಶಃ ನಡೆಸಿಕೊಂಡ. ಎಲ್ಲ ರಾಷ್ಟ್ರಗಳೂ ಒಪ್ಪುವುದರಲ್ಲಿ ನನಗೆ ಸಂಶಯವಿಲ್ಲ. ಆಕ್ಷೇಪ ಬಂದರೆ ಆ ಸಣ್ಣ ದ್ವೀಪಗಳವರಿಂದ ಬರಬಹುದು, ಅವರು ಒಳಗೆ ಬರುವಷ್ಟರಲ್ಲಿ ಸುತ್ತಿಗೆ ಬಿದ್ದಿರುತ್ತದೆ.