ಸಣ್ಣ ಕೂಸನ್ನು ಕಟ್ಟಿಕೊಂಡು ಥೀಮ್ ಪಾರ್ಕಿಗೆ ಹೋಗಬೇಕೆ?

ಹೋದ ಮೇ ತಿಂಗಳಲ್ಲಿ ಒಂದೇ ಕ್ರೂಸರ್ ಮಾಡಿಕೊಂಡು ಹೋಗಿ ಬಂದ ಅಣ್ಣ-ತಂಗಿ ಇವರು. ತಂಗಿಯನ್ನು ಬೆಳಗಾವಿಗೆ ಕೊಟ್ಟಿದೆ, ಆಕೆಗೊಬ್ಬ ನಾಲ್ಕು ವರ್ಷದ ಮಗ. ಅಣ್ಣ ಬಾಗಲಕೋಟೆಯ ನವನಗರದಲ್ಲಿ ಹೈಸ್ಕೂಲ್ ಮಾಸ್ತರ. ಹೋಗಿದ್ದು ಒಂದೇ ಪಾರ್ಕಿಗೆ, ಒಂದೇ ದಿನ. ಇವತ್ತಿಗೂ ಇಬ್ಬರಿಗೂ ಹೊಂದಿಕೆಯಾಗಿಲ್ಲ.

ಪರ: ಅವ್ವ ನೀರಿಗಿಳಿದಳಲ್ಲ!

ನಮ್ಮಣ್ಣನ ವಾದ ನಿಮಗೂ ಗೊತ್ತಿರುತ್ತದೆ. ಪ್ರತಿ ಮನೆಯಲ್ಲೂ ಇಂಥ ಒಬ್ಬ ಅಣ್ಣ ಇರುತ್ತಾನೆ. "ನಾಕು ವರ್ಷದ ಕೂಸಿಗೆ ಏನ್ ತಿಳೀತೈತಿ? ನಾಳೆ ನೆನಪರ ಇರ್ತೈತೇನು? ದೊಡ್ಡಾವ ಆಗ್ಲಿ, ಆಮ್ಯಾಲ ಕರ್ಕೊಂಡ್ ಹೋಗೂಣು."

ಈ "ಆಮ್ಯಾಲ" ಅನ್ನುವುದರ ರುಚಿ ನಾನು ಉಂಡಿದ್ದೇನೆ. ನಾವು ಸಣ್ಣವರಿದ್ದಾಗ ಟಿವಿಯಲ್ಲಿ ಎಸ್ಸೆಲ್‌ವರ್ಲ್ಡ್ ಜಾಹೀರಾತು ಬರುತ್ತಿತ್ತು. ಮುಂಬೈಯ ಗೊರಾಯಿಯಲ್ಲಿ 1989ರಲ್ಲಿ ಶುರುವಾದ ಪಾರ್ಕು ಅದು. ಜಾಹೀರಾತು ಬಂತೆಂದರೆ ಉಣ್ಣುವುದನ್ನೂ ಬಿಟ್ಟು ನೋಡುತ್ತಿದ್ದೆ, ಮುಗಿದ ಕೂಡಲೇ ಅಪ್ಪನ ಬೆನ್ನು ಹತ್ತುತ್ತಿದ್ದೆ. "ದೊಡ್ಡಾಕಿ ಆಗು, ಹೋಗೂಣು" ಅನ್ನುತ್ತಿದ್ದ ಅಪ್ಪ. ದೊಡ್ಡಾಕಿ ಆಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂತು, ಪಿಯುಸಿ ಬಂತು, ಡಿಗ್ರಿ ಮುಗಿಯುವುದರೊಳಗೆ ಗಂಡು ನೋಡಿದರು. 2022ರಲ್ಲಿ ಆ ಪಾರ್ಕೇ ಬಾಗಿಲು ಹಾಕಿತು. ಅಪ್ಪ ಅದಕ್ಕೂ ಮೊದಲೇ ಹೋಗಿಬಿಟ್ಟಿದ್ದ.

ಇನ್ನು ನೆನಪಿನ ಮಾತು. ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಬಹುತೇಕ ಯಾರಿಗೂ ನೆನಪಿರುವುದಿಲ್ಲ ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ. ಅಣ್ಣ ಅದನ್ನು ಓದಿಕೊಂಡು ಬಂದೇ ಜಗಳಕ್ಕೆ ಕೂಡುತ್ತಾನೆ. ಖರೆ, ಒಪ್ಪಿದೆ. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ನನಗೆ ಮೂರು ವರ್ಷ. ಆ ಮನೆಯ ಪಡಸಾಲೆ ಹೇಗಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಹೊರಡುವ ದಿನ ನಾನು ಹೊಸ್ತಿಲ ಮೇಲೆ ಕೂತು ಏಳಲೊಲ್ಲೆ ಅಂದದ್ದು, ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ನವನಗರಕ್ಕೆ ತಂದದ್ದು, ಇದನ್ನು ಅವ್ವನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಆ ಹೆಗಲಿನ ಬೆವರು ಸಹ ನನಗೆ ಗೊತ್ತು. ನೆನಪಿಲ್ಲ ಅಂದ ಮಾತ್ರಕ್ಕೆ ಅದು ನನ್ನದಲ್ಲವೇ?

ಅಣ್ಣನ ಲೆಕ್ಕ ಹಿಡಿದರೆ ಜಾವಳ ಯಾಕೆ ಮಾಡಬೇಕು? ತೊಟ್ಟಿಲ ಕಾರ್ಯಕ್ಕೆ ಮುನ್ನೂರು ಮಂದಿಗೆ ಯಾಕೆ ಉಣ್ಣಿಸಬೇಕು? ಕೂಸಿಗೆ ಅದ್ಯಾವುದೂ ನೆನಪಿರುವುದಿಲ್ಲ. ಮನೆತನಕ್ಕೆ ಇರುತ್ತದೆ.

ಈಗ ಅವ್ವನ ಕಡೆ ಬರುತ್ತೇನೆ, ಯಾಕೆಂದರೆ ನನ್ನ ಪೂರ್ತಿ ವಾದ ಇರುವುದು ಅಲ್ಲೇ. ಅವ್ವನಿಗೆ 65 ವರ್ಷ. ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ದೇವರಿಗೆ, ಮದುವೆಗೆ, ದವಾಖಾನೆಗೆ ಬಿಟ್ಟು ಊರು ದಾಟಿದವಳಲ್ಲ. ಪಾರ್ಕಿಗೆ ಬಾ ಅಂದರೆ "ನಂದೇನೈತಿ ಅಲ್ಲಿ" ಅಂದಳು. "ನಿನ್ನ ಮೊಮ್ಮಗನ್ನ ಯಾರ್ ಹಿಡೀಬೇಕು ಮತ್ತ?" ಅಂದೆ. ಅಷ್ಟಕ್ಕೇ ಗಂಟು ಕಟ್ಟಿದಳು. ಕೂಸು ಇರದಿದ್ದರೆ ಆಕೆ ಕ್ರೂಸರ್ ಹತ್ತುತ್ತಲೇ ಇರಲಿಲ್ಲ.

ಅಲ್ಲಿ ನೀರಿನ ಆಟಕ್ಕೆ ಹತ್ತಿಬಟ್ಟೆ ನಡೆಯುವುದಿಲ್ಲ, ನೈಲಾನೇ ಆಗಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ವೈನಿ ಮತ್ತು ನಾನು ಸೇರಿ ಅವ್ವನಿಗೆ ಬಾಡಿಗೆಯ ನೈಲಾನ್ ಪೈಜಾಮ, ಅಂಗಿ ಹಾಕಿಸಿದೆವು. ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬರಲು ಆಕೆಗೆ ಕಾಲು ತಾಸು ಬೇಕಾಯಿತು. ಬಂದ ಮೇಲೂ ಎದುರಿಗೆ ಯಾರಾದರೂ ಗಂಡಸರು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಕೈ ಹೋಗುತ್ತಿತ್ತು. ಸೆರಗು ಇರಲಿಲ್ಲ. ಕೈ ಗಾಳಿಯಲ್ಲಿ ತಡವರಿಸಿ ಸುಮ್ಮನೆ ಕೆಳಗಿಳಿಯುತ್ತಿತ್ತು.

ಅಲೆ ಏಳಿಸುವ ಕೊಳದಲ್ಲಿ ಮೊಮ್ಮಗನ ಕೈ ಹಿಡಿದು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಳು. ಸೈರನ್ ಕೂಗಿತು, ಮೊದಲ ಅಲೆ ಬಂತು, ಇಬ್ಬರೂ ಕುಸಿದು ಕೂತರು. ನಾನು ಓಡಿದೆ. ಅಜ್ಜಿ-ಮೊಮ್ಮಗ ಇಬ್ಬರೂ ಕೂತಲ್ಲೇ ನಗುತ್ತಿದ್ದರು. ಅವ್ವ ಹಾಗೆ ಬಾಯಿ ಬಿಟ್ಟು ನಕ್ಕಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ಅಲೆ ನಿಂತಾಗ ಕೇಳಿದಳು: "ಮತ್ತ ಯಾವಾಗ ಬರ್ತೈತಿ ತೆರಿ?"

ಥೀಮ್ ಪಾರ್ಕಿನ ಹುಟ್ಟೇ ಇಂಥದ್ದರಿಂದ ಆದದ್ದು. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಹೆಣ್ಣುಮಕ್ಕಳಿಬ್ಬರು ಕುದುರೆ ತಿರುಗಣಿಯಲ್ಲಿ ಸುತ್ತುತ್ತಿದ್ದರೆ ವಾಲ್ಟ್ ಡಿಸ್ನಿ ಬೆಂಚಿನ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದನಂತೆ. ದೊಡ್ಡವರು, ಸಣ್ಣವರು ಕೂಡಿ ಆಡುವ ಜಾಗ ಒಂದು ಯಾಕಿರಬಾರದು ಅಂತ ಅವನಿಗೆ ಹೊಳೆದದ್ದು ಆ ಬೆಂಚಿನ ಮೇಲೆ ಅಂತ ಅವನೇ ಹೇಳಿಕೊಂಡಿದ್ದ. 1955ರ ಡಿಸ್ನಿಲ್ಯಾಂಡ್ ಬಂದದ್ದು ಹಾಗೆ.

ಅಣ್ಣ ಜಾತ್ರೆ ಹೊಗಳುತ್ತಾನೆ. ಬನಶಂಕರಿ ಜಾತ್ರೆ ನನಗೂ ಇಷ್ಟ. ಆದರೆ ಅಣ್ಣಾ, ಜಾತ್ರೆಯ ಜೈಂಟ್ ವೀಲಿಗೆ ಎತ್ತರ ಅಳೆಯುವ ಕೋಲು ಯಾರು ಇಟ್ಟಾರ? ನಿನ್ನೆ ಲಾರಿಯಿಂದ ಇಳಿಸಿ ಇವತ್ತು ಬೋಲ್ಟ್ ಬಿಗಿದ ಯಂತ್ರ ಅದು. ಪಾರ್ಕಿನಲ್ಲಿ ನನ್ನ ಮಗನನ್ನು ದೊಡ್ಡ ರೈಡಿನಿಂದ ವಾಪಸ್ ಕಳಿಸಿದರು ಅಂತ ನೀ ಸಿಟ್ಟಾದಿ, ನನಗೆ ಅದರಿಂದಲೇ ಧೈರ್ಯ ಬಂತು. ಅವನಿಗೆಂದೇ ಸಣ್ಣ ರೈಲಿತ್ತು, ತಿರುಗಣಿ ಇತ್ತು, ಪಾದ ಮುಳುಗುವಷ್ಟು ನೀರಿನ ಕೊಳವಿತ್ತು. ದೊಡ್ಡವರು ಪಾಳಿ ಹಚ್ಚಿ ಒಬ್ಬರು ಕೂಸಿನ ಜೊತೆ ನಿಂತು, ಇನ್ನೊಬ್ಬರು ಹೋಗಿ ಬಂದರಾಯಿತು. ಹೊರಗಿನ ಡಿಸ್ನಿ ಪಾರ್ಕುಗಳಲ್ಲಂತೂ ಕೂಸು ಹಿಡಿದು ನಿಂತವರು ತಮ್ಮ ಸರದಿಗೆ ಮತ್ತೆ ಪೂರ್ತಿ ಪಾಳಿ ನಿಲ್ಲದ ಹಾಗೆ ವ್ಯವಸ್ಥೆಯೇ ಇದೆ.

ತಪ್ಪು ನಮ್ಮದೂ ಇತ್ತು. ಮೇ ತಿಂಗಳ ರವಿವಾರ ಹೋದೆವು. ಅದನ್ನು ಮಾಡಬೇಡಿ.

ವಿರೋಧ: ದುಡ್ಡು ವಸೂಲಿಯ ದಿನ

ಒಂದು ನೂರಾ ಒಂದು ಸೆಂಟಿಮೀಟರ್. ನನ್ನ ಅಳಿಯನ ಎತ್ತರ. ನನಗೆ ಯಾಕೆ ಗೊತ್ತೆಂದರೆ ಆ ದಿನ ಅವನನ್ನು ಆರು ಕಡೆ ಅಳೆದರು. ಪ್ರತಿ ರೈಡಿನ ಬಾಗಿಲಲ್ಲಿ ಬಣ್ಣ ಬಳಿದ ಒಂದು ಹಲಗೆ, ಅದರ ಮೇಲೊಂದು ಗೆರೆ. ಮೊದಲೆರಡು ಸಲ ಅವನಿಗೆ ಅದೇ ಒಂದು ಆಟ. ಮೂರನೆಯ ಸಲ ಯಾರೂ ಹೇಳಿಕೊಡದೆ ತುದಿಗಾಲಲ್ಲಿ ನಿಂತ. ಕಾವಲಿನ ಹುಡುಗ ನಕ್ಕು ಅವನ ತಲೆ ಒತ್ತಿ ಕೆಳಗಿಳಿಸಿದ. ನಾಲ್ಕನೆಯ ಸಲ ಹಲಗೆ ಕಂಡ ಕೂಡಲೇ ನನ್ನ ಹಿಂದೆ ಅಡಗಿದ.

ದೊಡ್ಡ ರೈಡುಗಳಿಗೆ ಸಾಮಾನ್ಯವಾಗಿ 140 ಸೆಂ.ಮೀ. ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು 103, ಹತ್ತು ದಾಟಿದ ಮೇಲೆ 140. ಅಂದರೆ ಆ ಜಾಗ ಐದನೇ ಇಯತ್ತೆಯ ಹುಡುಗನಿಗೆ ಕಟ್ಟಿದ್ದು. ಅಂಗನವಾಡಿ ಕೂಸಿಗೆ ಒಂದು ಮೂಲೆ ಬಿಟ್ಟಿದ್ದಾರೆ. ಆ ಮೂಲೆಯ ಆಟಗಳು ಅರ್ಧ ತಾಸಿಗೆ ಮುಗಿಯುತ್ತವೆ. ಉಳಿದ ಏಳು ತಾಸು?

ಉಳಿದ ಏಳು ತಾಸು ಕೂಸನ್ನು ಎಳೆದಾಡುತ್ತೇವೆ, ಟಿಕೆಟ್ ಆ ಥರದ್ದು. ಬಾಗಿಲಲ್ಲೇ ಇಡೀ ದಿನದ ದುಡ್ಡು ಎಣಿಸಿಕೊಳ್ಳುತ್ತಾರೆ. ದೊಡ್ಡವರ ಟಿಕೆಟ್ ಸಾವಿರ ದಾಟಿದೆ. ಒಂಬತ್ತು ಮಂದಿ ನಾವು, ಕ್ರೂಸರ್ ಬಾಡಿಗೆ, ರಾತ್ರಿ ಊಟ, ಲಾಕರು, ನೈಲಾನ್ ಬಟ್ಟೆ ಎಲ್ಲ ಸೇರಿ 22,000 ರೂಪಾಯಿಯ ಹತ್ತಿರ ಹೋಯಿತು. ಹಾಗೆ ಕೊಟ್ಟ ಮೇಲೆ ಮೂರು ಗಂಟೆಗೆ ಕೂಸು "ಮನಿಗೆ ಹೋಗೂಣು" ಅಂದರೆ ಯಾರು ಹೊರಡುತ್ತಾರೆ? "ಇನ್ನ ಅರ್ಧಾನೂ ಆಗಿಲ್ಲ, ದುಡ್ಡು ವಸೂಲ್ ಆಗಬೇಕಲ್ಲ" ಅಂತ ನಾನೇ ಅಂದೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಿದೆ.

ತಂಗಿ ಡಿಸ್ನಿಯ ಬೆಂಚಿನ ಕತೆ ಹೇಳಿದಳು. ಪೂರ್ತಿ ಹೇಳಲಿಲ್ಲ. ಡಿಸ್ನಿಲ್ಯಾಂಡ್ ಶುರುವಾದ ವರ್ಷ ಒಳಗೆ ಹೋಗುವುದಕ್ಕೆ ಒಂದು ಚೀಟಿ, ಒಂದೊಂದು ಆಟಕ್ಕೂ ಬೇರೆ ಚೀಟಿ ಇತ್ತು. ಎರಡು ಆಟ ಆಡಿಸಿ, ಬೆಂಚಿನ ಮೇಲೆ ಕೂತು, ಮಕ್ಕಳು ದಣಿದರೆ ಎದ್ದು ಹೋಗಬಹುದಿತ್ತು. 1982ರಲ್ಲಿ ಆ ಚೀಟಿ ಪದ್ಧತಿ ನಿಂತಿತು, ಒಂದೇ ಟಿಕೆಟ್ಟಿಗೆ ಎಲ್ಲ ಆಟ ಅಂತಾಯಿತು. ಉದಾರತೆಯ ಹಾಗೆ ಕಾಣುತ್ತದೆ. ಆದರೆ ಬೆಂಚಿನ ಮೇಲೆ ಕೂಡುವ ಅಪ್ಪನಿಗೆ ಅಲ್ಲಿಂದ ಮುಂದೆ ನಷ್ಟದ ಲೆಕ್ಕ ಶುರುವಾಯಿತು.

ನಮ್ಮ ಬನಶಂಕರಿ ಜಾತ್ರೆ ಇನ್ನೂ ಹಳೇ ಪದ್ಧತಿಯದು. ಬನದ ಹುಣ್ಣಿವೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ನಡೆಯುತ್ತದೆ. ಇವತ್ತು ಒಂದು ತಿರುಗಣಿ, ಒಂದಿಷ್ಟು ಬೆಂಡು-ಬತ್ತಾಸು, ಒಂದು ಪೀಪಿ. ಕೂಸು ತೂಕಡಿಸಿತೋ, ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರಾಯಿತು. ಬೋಲ್ಟಿನ ವಿಷಯದಲ್ಲಿ ತಂಗಿಯ ಮಾತು ಸರಿ. ಜಾತ್ರೆಯ ದೊಡ್ಡ ಚಕ್ರಕ್ಕೆ ನಾನೂ ಕೂಸನ್ನು ಹತ್ತಿಸುವುದಿಲ್ಲ.

ಊಟದ್ದು ಬೇರೆ ಕತೆ. ಅವ್ವ ಎರಡು ದಿನ ಕೂತು ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಕಟ್ಟಿದ್ದಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಹಸುಗೂಸಿನ ಹಾಲು-ಗಂಜಿಗೆ ಮಾತ್ರ ರಿಯಾಯಿತಿ. ಬುತ್ತಿ ಗಂಟು ಬಿಸಿಲಿನಲ್ಲಿ ನಿಂತ ಕ್ರೂಸರ್‌ನಲ್ಲೇ ಉಳಿಯಿತು. ಒಳಗೆ ಕೊಂಡ ನೂಡಲ್ಸನ್ನು ಕೂಸು ಎರಡು ಎಳೆ ತಿಂದು ಉಗುಳಿತು. ಊರಿಗೆ ಬಂದು ಎರಡು ದಿನ ಭೇದಿ. ಕೊಳದ ನೀರಿನಿಂದಲೋ ದಾರಿಯ ಐಸ್‌ಕ್ರೀಮಿನಿಂದಲೋ ದೇವರೇ ಬಲ್ಲ, ಯಾರ ಮೇಲೂ ಹಾಕುವುದಿಲ್ಲ. ಆದರೆ ಇದನ್ನು ತಿಳಿದುಕೊಂಡಿರಿ: ಸಣ್ಣ ಮಕ್ಕಳು ಆಡುವಾಗ ನೀರು ನುಂಗೇ ನುಂಗುತ್ತಾರೆ, ಮತ್ತು ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಭೇದಿಯ ರೋಗಾಣು ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಭೇದಿಯಾಗುತ್ತಿರುವ ಕೂಸನ್ನು ಕೊಳಕ್ಕೆ ಇಳಿಸಬಾರದು ಅನ್ನುವುದು ಅದಕ್ಕೇ.

ಮಧ್ಯಾಹ್ನ ಮೊಲದ ವೇಷ ಹಾಕಿದವನೊಬ್ಬ ಬಂದ. ಆಳೆತ್ತರದ ಮೊಲ, ಬಕೆಟ್ಟಿನಷ್ಟು ತಲೆ. ಫೋಟೊ ತೆಗೆಯೋಣ ಅಂತ ಕೂಸನ್ನು ಮುಂದೆ ನೂಕಿದೆವು. ಕಿರುಚಿದ ಕಿರುಚು ಇಡೀ ಪಾಳಿಗೆ ಕೇಳಿತು. ಅವನನ್ನು ಸಮಾಧಾನ ಮಾಡಲು ನಾನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಮುಖ ತೊಳೆಸಿದೆ. ಅಲ್ಲಿ ಗೋಡೆಗೆ ಕೈ ಒಣಗಿಸುವ ಯಂತ್ರವಿತ್ತು. ಕೆಳಗೆ ಕೈ ಹಿಡಿದರೆ ಬುಸ್ ಅಂತ ಬಿಸಿಗಾಳಿ, ತೆಗೆದರೆ ಬಂದ್. ಕೈ ಹಿಡಿದ, ತೆಗೆದ. ತಲೆ ಹಿಡಿದ, ಕೂದಲು ಹಾರಿತು. ಕನ್ನಡಿಯಲ್ಲಿ ನೋಡಿಕೊಂಡು ಬಿದ್ದು ಬಿದ್ದು ನಕ್ಕ. "ಮಾಮಾ, ಇನ್ನೊಮ್ಮೆ ಗಾಳಿ!" ಇಪ್ಪತ್ತು ನಿಮಿಷ ಅಲ್ಲೇ ಇದ್ದೆವು. ಆ ದಿನ ಅವನು ಅಷ್ಟು ಖುಷಿಯಾಗಿದ್ದದ್ದು ಅಲ್ಲೊಂದೇ ಕಡೆ. ಇಂಥ ಯಂತ್ರ ನಮ್ಮೂರ ಹೋಟೆಲಿನಲ್ಲೂ ಇರುತ್ತದೆ, ಒಂದು ಚಹಾದ ಖರ್ಚು.

ನೆನಪಿನ ಬಗ್ಗೆ ಒಂದು ಮಾತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ತಂಗಿ ತಾನೇ ಎತ್ತಿದ್ದರಿಂದ ಬರೆಯುತ್ತೇನೆ. ಹಳೇ ಬಾಗಲಕೋಟೆ ಬಿಟ್ಟಾಗ ನನಗೆ ಒಂಬತ್ತು ವರ್ಷ, ಎಲ್ಲ ನೆನಪಿದೆ. ಅಪ್ಪ ಆ ಹೊತ್ತಿಗೆ ಟ್ರ್ಯಾಕ್ಟರ್ ಮೇಲೆ ನಿಂತು ಬೀಸುಕಲ್ಲು, ತಿಜೋರಿ ಏರಿಸಿಕೊಳ್ಳುತ್ತಿದ್ದ. ಹೊಸ್ತಿಲಿನಿಂದ ನಿನ್ನನ್ನು ಎತ್ತಿ ಬಗಲಲ್ಲಿ ಹೊತ್ತುಕೊಂಡು ಓಣಿ ದಾಟಿಸಿದ್ದು ನಾನವ್ವಾ. ಕೇಳಿ ಕೇಳಿ ಕಟ್ಟಿಕೊಂಡ ನೆನಪು ಹೀಗೆ ಹೆಗಲು ಬದಲಿಸಿಬಿಡುತ್ತದೆ. ನಾಳೆ ಅಳಿಯನಿಗೂ ಫೋಟೊ ತೋರಿಸಿ "ನೀ ಎಷ್ಟು ಖುಷಿಯಾಗಿದ್ದಿ" ಅಂತ ಹೇಳುತ್ತೇವೆ, ಅವನು ನಂಬುತ್ತಾನೆ. ಮೊಲದ ಮುಂದೆ ಅತ್ತಿದ್ದ ಫೋಟೊವನ್ನು ತಂಗಿ ಆಗಲೇ ಅಳಿಸಿದ್ದಾಳೆ.

ಅವ್ವ ನಕ್ಕಿದ್ದನ್ನು ನಾನೂ ನೋಡಿದೆ. ಅದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಆದರೆ ಅದು ಅವ್ವನ ಪ್ರವಾಸ, ಕೂಸಿನದಲ್ಲ. ಅವ್ವನಿಗಾಗಿ ಹೋಗುವುದಾದರೆ ಅವ್ವನಿಗಾಗಿ ಅಂತಲೇ ಹೇಳಿ ಹೋಗೋಣ. ನಾಲ್ಕು ವರ್ಷದವನನ್ನು ನೆಪ ಮಾಡಿ, ರಾತ್ರಿಯೆಲ್ಲ ಗಾಡಿಯಲ್ಲಿ ಕುಲುಕಿಸಿ, ಹಗಲೆಲ್ಲ ಸುಡುವ ಫರ್ಶಿಯ ಮೇಲೆ ಬರಿಗಾಲಲ್ಲಿ ನಡೆಸುವುದು ಯಾಕೆ?

ದಸರಾ ರಜೆಗೆ ತಂಗಿ ಮತ್ತೆ ಕ್ರೂಸರಿನವನಿಗೆ ಫೋನ್ ಮಾಡಿದ್ದಾಳಂತೆ. ನಾನು ಹೇಳಿದ್ದು ಇಷ್ಟು: ಕೂಸನ್ನು ನನ್ನ ಹತ್ತಿರ ಬಿಟ್ಟು ಹೋಗಿ, ಅವ್ವನನ್ನು ಕರೆದುಕೊಂಡು ಹೋಗಿ. ನಾನು ಅವನನ್ನು ಆಲಮಟ್ಟಿಗೆ ಒಯ್ಯುತ್ತೇನೆ. ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಪ್ರಾಣಿಗಳಿವೆ, ಅವು ಮೈಮೇಲೆ ಬರುವುದಿಲ್ಲ. ಕತ್ತಲಾದ ಮೇಲೆ ಸಂಗೀತ ಕಾರಂಜಿ ಇದೆ, ನಿದ್ದೆ ಬಂದರೆ ಅದೂ ಬೇಡ. ಮರುದಿನ ವಿಜಯಪುರ. ಗೋಲಗುಮ್ಮಟದಲ್ಲಿ ಅವನ ಹೆಸರನ್ನು ಅವನೇ ಕೂಗಲಿ. ಅಲ್ಲಿ ಎತ್ತರ ಅಳೆಯುವುದಿಲ್ಲ. ಮೆಟ್ಟಿಲು ಮಾತ್ರ ಕಡಿದು, ಏಳು ಅಂತಸ್ತು. ಅಲ್ಲಿ ಅವನನ್ನು ಹೊತ್ತುಕೊಳ್ಳುವ ಕೆಲಸ ನನ್ನದು.

ವೈನಿಯ ಕಡೆಯಿಂದ ತಂಗಿ ಉತ್ತರ ಕಳಿಸಿದ್ದಾಳೆ: "ಕೂಸು ಬರಲಿಲ್ಲಂದ್ರ ಅವ್ವ ಬರೂದಿಲ್ಲಂತ."