ಹಗ್ಗ ಬಿಡಿ, ಲಗಾಮು ಕೊಡಿ

ಕಳೆದ ಡಿಸೆಂಬರ್‌ನಲ್ಲಿ ಪುಣೆಯಿಂದ ಎರಡು ತಾಸು ದೂರದ ಒಂದು ರೆಸಾರ್ಟ್‌ಗೆ ಹೋಗಿದ್ದೆ. ಕಾಡುದಾರಿಯಲ್ಲಿ ಒಂದು ತಾಸಿನ ಕುದುರೆ ಸವಾರಿ ಇದೆ, ಸವಾರಿ ಬಲ್ಲವರಿಗೆ ಬೇರೆಯೇ ವ್ಯವಸ್ಥೆ ಇದೆ ಎಂದು ಫೋನಿನಲ್ಲಿ ಹೇಳಿದ್ದರು. ಅದನ್ನು ನಂಬಿ ಬೂಟು, ಹೆಲ್ಮೆಟ್ ಎಲ್ಲವನ್ನೂ ಕಾರಿನಲ್ಲಿ ಹಾಕಿಕೊಂಡು ಹೋದೆ. ಅಲ್ಲಿ ಒಬ್ಬ ಹುಡುಗ ಕುದುರೆಯ ಹಗ್ಗ ಹಿಡಿದು ಮುಂದೆ ಮುಂದೆ ನಡೆದ. ಪಾರ್ಕಿಂಗ್ ಜಾಗಕ್ಕೆ ಒಂದು ಸುತ್ತು, ಹುಲ್ಲುಹಾಸಿಗೆ ಒಂದು ಸುತ್ತು. ಹಗ್ಗ ಬಿಡು ಎಂದರೆ ‘ಮಾಲೀಕರು ಬಯ್ಯುತ್ತಾರೆ’ ಎಂದ. ಅದಾದರೂ ಸಹಿಸಬಹುದಿತ್ತು. ಕುದುರೆ ಹೆಜ್ಜೆ ಹೆಜ್ಜೆಗೂ ಬೆನ್ನು ತಗ್ಗಿಸುತ್ತಿದ್ದುದನ್ನು ಕಂಡು ಇಳಿದು ಜೀನು ಎತ್ತಿ ನೋಡಿದೆ. ಕುತ್ತಿಗೆಯೂ ಬೆನ್ನೂ ಕೂಡುವಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಹಸಿ ಗಾಯ. ಅಲ್ಲಿಂದ ಲಾಯದವರೆಗೆ ಅದನ್ನು ನಡೆಸಿಕೊಂಡೇ ಬಂದೆ.

ಈ ಬೇಸರ ನನ್ನೊಬ್ಬಳದ್ದೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಸ್ವಂತ ಕುದುರೆ ಇಲ್ಲದ, ಆದರೆ ಸವಾರಿ ಚೆನ್ನಾಗಿ ಬಲ್ಲ ಅನೇಕರು ಪುಣೆ, ಮುಂಬೈಯಂಥ ಊರುಗಳಲ್ಲಿ ಇದ್ದಾರೆ. ಅವರಿಗೆ ಇಲ್ಲಿ ತೆರೆದಿರುವುದು ಎರಡೇ ಬಾಗಿಲು. ಒಂದು, ಹಗ್ಗ ಹಿಡಿದು ಸುತ್ತಿಸುವ ಹತ್ತು ನಿಮಿಷದ ಸವಾರಿ. ಇನ್ನೊಂದು, ಲಕ್ಷಗಟ್ಟಲೆ ಕೊಟ್ಟು ಕುದುರೆ ಕೊಂಡು ತಿಂಗಳು ತಿಂಗಳೂ ಅದರ ಮೇವು, ಲಾಳ, ವೈದ್ಯ, ಲಾಯದ ಬಾಡಿಗೆ ನೋಡಿಕೊಳ್ಳುವುದು. ನಡುವಿನ ಬಾಗಿಲು ಇಲ್ಲವೇ ಇಲ್ಲ ಎಂದು ಬಹಳ ಕಾಲ ನಂಬಿದ್ದೆ.

ನಮ್ಮೂರು ಕುಣಿಗಲ್ ಹತ್ತಿರ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಸ್ಟಡ್ ಫಾರ್ಮ್‌ನ ಬೇಲಿಯಾಚೆ ಕುದುರೆ ಮರಿಗಳು ತಾಯಿಯ ಪಕ್ಕದಲ್ಲಿ ಓಡುವುದನ್ನು ನೋಡುತ್ತ ಬೆಳೆದವಳು ನಾನು. ಸವಾರಿ ಕಲಿತದ್ದು ಹೆಬ್ಬಾಳದಲ್ಲಿ ಕೃಷಿ ಓದುವಾಗ, ಎನ್‌ಸಿಸಿಯ ಅಶ್ವದಳದಲ್ಲಿ. ಮೊದಲ ಕೆಲವು ವಾರ ಯಾರೂ ನಮ್ಮನ್ನು ಹತ್ತಿಸಲಿಲ್ಲ. ಲದ್ದಿ ಎತ್ತಿದೆವು, ಗೊರಸು ಕೆರೆದೆವು, ಮೈ ಉಜ್ಜಿದೆವು. ಜೀನು, ರಿಕಾಪು (ಸವಾರ ಕಾಲೂರುವ ಬಳೆ), ತಂಗು (ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ), ದುಲ್ಕಿ (ಕುದುರೆಯ ಹಗುರ ಓಟ) ಎಂಬ ಮಾತುಗಳೆಲ್ಲ ಬಾಯಿಗೆ ಬಂದದ್ದು ಅಲ್ಲಿಯೇ. ಆಗ ಅದೆಲ್ಲ ಶಿಕ್ಷೆಯಂತೆ ಕಂಡಿತ್ತು. ಪುಣೆಯಲ್ಲಿ ನನಗೆ ಬಾಗಿಲು ತೆರೆದದ್ದು ಆ ಲದ್ದಿ ಎತ್ತಿದ ದಿನಗಳೇ.

ಹೋದ ವರ್ಷ ನಗರದ ಹೊರವಲಯದ ಒಂದು ಸಣ್ಣ ಲಾಯಕ್ಕೆ ಹೋದಾಗ, ಸವಾರಿ ಬರುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಇವತ್ತು ನೋಡುವುದಷ್ಟೇ, ಬೇಕಾದರೆ ಒಂದು ಕುದುರೆಯನ್ನು ಸಿದ್ಧಮಾಡಿ ಕೊಡುತ್ತೇನೆ ಎಂದೆ. ಕಸ್ತೂರಿ ಎಂಬ ಕಂದು ಹೆಣ್ಣು ಕುದುರೆಯನ್ನು ತೋರಿಸಿದರು. ತಂಗು ಬಿಗಿಯುವಾಗ ಅದು ಹೊಟ್ಟೆ ಉಬ್ಬಿಸಿ ನಿಂತಿತು. ಬಹಳ ಕುದುರೆಗಳಿಗೆ ಈ ಅಭ್ಯಾಸವಿದೆ. ಆ ಕ್ಷಣಕ್ಕೆ ಪಟ್ಟಿ ಬಿಗಿಯಾದಂತೆ ಕಂಡರೂ ಆಮೇಲೆ ಸಡಿಲಾಗಿ, ಹತ್ತುವಾಗ ಜೀನು ಪಕ್ಕಕ್ಕೆ ಜಾರುತ್ತದೆ. ‘ಉಸಿರು ಬಿಡಮ್ಮಾ, ಅವಸರವಿಲ್ಲ’ ಎಂದು ಕನ್ನಡದಲ್ಲಿ ಹೇಳುತ್ತ ಹತ್ತು ಹೆಜ್ಜೆ ನಡೆಸಿ, ಮತ್ತೆರಡು ತೂತು ಬಿಗಿದೆ. ಕಂಬಕ್ಕೆ ಒರಗಿ ನೋಡುತ್ತಿದ್ದ ಲಾಯದ ಹಿರಿಯರು ಹತ್ತಿರ ಬಂದು ‘ತಂಗಿ, ನೀವು ನಮ್ಮ ಕಡೆಯವರೇನು?’ ಎಂದು ಕೇಳಿದರು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಕುದುರೆಗಳ ನಡುವೆಯೇ ಕೂದಲು ಬೆಳ್ಳಗಾದವರು. ಅವತ್ತಿನಿಂದ ನನಗೆ ಅವರು ಕಾಕಾ.

ಆ ದಿನವೂ ಕಾಕಾ ನನ್ನನ್ನು ಹೊರಗೆ ಬಿಡಲಿಲ್ಲ. ಅಂಗಳದೊಳಗೆ ನಡಿಗೆ, ದುಲ್ಕಿ, ಎಡಕ್ಕೂ ಬಲಕ್ಕೂ ಸುತ್ತುತ್ತ ಕ್ಯಾಂಟರ್ (ದುಲ್ಕಿಗಿಂತ ವೇಗದ ಓಟ), ರಿಕಾಪಿಲ್ಲದೆ ಎರಡು ಸುತ್ತು, ಕೂಗಿದ ಕೂಡಲೇ ನಿಲ್ಲಿಸುವುದು. ಮೂರು ಭಾನುವಾರ ಇದೇ ನಡೆಯಿತು. ನಾಲ್ಕನೆಯ ಭಾನುವಾರ ಅವರೇ ಹೋಗಿ ಗೇಟಿನ ಅಗುಳಿ ತೆಗೆದರು.

ಇಷ್ಟು ಪರೀಕ್ಷೆ ಏಕೆ ಎಂದು ಸಿಟ್ಟಾಗುವವರಿಗೆ ಒಂದು ಮಾತು. ರೇಸ್ ಮಳೆಗಾಲದಲ್ಲಿ ಪುಣೆಯಲ್ಲಿ, ಚಳಿಗಾಲದಲ್ಲಿ ಮುಂಬೈಯಲ್ಲಿ ನಡೆಯುವುದರಿಂದ ಇಲ್ಲಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ, ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆಗಳು ಬಹಳ. ಕಸ್ತೂರಿಯೂ ಅಂಥವಳೇ. ಹೆದರಿದವರು ಲಗಾಮು ಜಗ್ಗುತ್ತಾರೆ. ಇಂಥ ಕುದುರೆ ಬಾಯಿಗೆ ಬಿಗಿತ ಸಿಕ್ಕಷ್ಟೂ ಅದರ ಮೇಲೆ ಭಾರ ಹಾಕಿ ಓಡುವುದನ್ನೇ ಕಲಿತಿರುತ್ತದೆ. ಜಗ್ಗಿದಷ್ಟೂ ವೇಗ ಹೆಚ್ಚುತ್ತದೆ. ಕೈ ಸಡಿಲಿಸಿ, ಬೆನ್ನು ನೇರ ಮಾಡಿ, ಜೀನಿನೊಳಗೆ ಭಾರವಾಗಿ ಕೂತು, ಒಮ್ಮೆ ಹಿಡಿದು ಒಮ್ಮೆ ಬಿಡುತ್ತ ಅದನ್ನು ನಿಧಾನಕ್ಕೆ ತರಬೇಕು. ಇದು ಗೊತ್ತಿಲ್ಲದವರೂ ‘ನಾನು ಹತ್ತು ಸಲ ಸವಾರಿ ಮಾಡಿದ್ದೇನೆ’ ಎಂದೇ ಬರುತ್ತಾರೆ. ಹಗ್ಗ ಹಿಡಿಯುವ ಮಾಲೀಕರ ಭಯ ಸುಳ್ಳಲ್ಲ. ನನ್ನ ತಕರಾರು ಇಷ್ಟೇ: ಪರೀಕ್ಷಿಸದೆ ಎಲ್ಲರನ್ನೂ ಹಗ್ಗಕ್ಕೆ ಕಟ್ಟುತ್ತೀರಿ, ಪರೀಕ್ಷಿಸಿ ಕೆಲವರಿಗಾದರೂ ಗೇಟು ತೆಗೆಯಿರಿ. ಅದಕ್ಕೆ ಹೆಚ್ಚು ಹಣ ಕೇಳಿದರೂ ಕೊಡುವವರಿದ್ದಾರೆ.

ಮುಂಬೈಯವರಿಗೆ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನೊಳಗಿನ ಅಮೆಚೂರ್ ರೈಡರ್ಸ್ ಕ್ಲಬ್ ಇದೆ, 1942ರಿಂದಲೂ ಇದೆ. ಕ್ರಮವಾಗಿ ಸವಾರಿ ಮುಂದುವರಿಸಬೇಕೆನ್ನುವವರು ಮೊದಲು ಅಲ್ಲಿ ವಿಚಾರಿಸಬೇಕು. ಆದರೆ ಅದು ಅಂಗಳದ ಸವಾರಿ, ಬಯಲಿನದಲ್ಲ. 211 ಎಕರೆಯ ಆ ರೇಸ್‌ಕೋರ್ಸ್‌ನಲ್ಲಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ ಹೋಗುವುದೂ ತೀರ್ಮಾನವಾಗಿದೆ. ಉದ್ಯಾನ ಬೇಡ ಎನ್ನಲಾರೆ. ಅದರ ಅಂಚಿನಲ್ಲಿ ಮಣ್ಣಿನದೊಂದು ಕುದುರೆ ದಾರಿ ಉಳಿಯಲಿ ಎಂದು ಕೇಳುತ್ತೇನೆ.

ಮುಂಬೈ ಹತ್ತಿರದ ಮಾಥೇರಾನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೋಟಾರು ವಾಹನಗಳಿಗೆ ನಿಷೇಧವಿರುವ ಬೆಟ್ಟ, ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಮರ. ಕೇಳಿದರೆ ಸ್ವರ್ಗ ಎನಿಸುತ್ತದೆ. ಅಲ್ಲಿನ ಕುದುರೆಗಳು ಬೆಳಗಿನಿಂದ ಸಂಜೆಯವರೆಗೆ ಜನರನ್ನು ಹೊತ್ತು ದುಡಿಯುವಂಥವು. ಶನಿವಾರ, ಭಾನುವಾರ ಹೋಗಬೇಡಿ. ವಾರದ ನಡುವೆ ಹೋಗಿ, ನಸುಕಿನಲ್ಲಿ ಎದ್ದು, ಕುದುರೆ ನಡೆಸುವ ಘೋಡೇವಾಲಾನ ಜೊತೆ ಅರ್ಧ ತಾಸು ಕುದುರೆಯ ಬಗ್ಗೆ ಮಾತಾಡಿ. ಅವನೂ ತನ್ನ ಕುದುರೆಯ ಮೇಲೆ ಜೊತೆಗೆ ಬರುವಂತೆ ಒಪ್ಪಿಸಿ. ನಿಮ್ಮ ತೂಕ ಹೆಚ್ಚಿದ್ದರೆ ಸಣ್ಣ ತಟ್ಟುವಿನ (ಗಿಡ್ಡ ಕುದುರೆಯ) ಮೇಲೆ ದಯವಿಟ್ಟು ಹತ್ತಬೇಡಿ. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲು ಮೀರಬಾರದು ಎಂಬುದು ಬಹಳ ಕಡೆ ಪಾಲಿಸುವ ಲೆಕ್ಕ.

ಭೀಮಾ ತೀರದ ಭೀಮಥಡಿ ತಟ್ಟುಗಳ ಮೇಲೆ ಒಂದು ಕಾಲಕ್ಕೆ ಮರಾಠರ ಸೈನ್ಯ ದಖ್ಖನಿನ ಉದ್ದಗಲಕ್ಕೂ ಓಡಾಡಿತು. ಇವತ್ತು ಆ ತಳಿಯನ್ನು ಕುರಿಗಾರ ಧನಗರರು ಗಂಟುಮೂಟೆ ಹೊರಿಸಿ ಉಳಿಸಿಕೊಂಡಿದ್ದಾರೆ. ಕಲ್ಲುನೆಲ, ಒಣಹುಲ್ಲು, ದೂರದ ದಾರಿ ಅದಕ್ಕೆ ಹೊಸದಲ್ಲ. ಬಯಲು ಸವಾರಿಗೆ ಇದೇ ನೆಲದ ಕುದುರೆ ಕಣ್ಣೆದುರಿಗೇ ಇದ್ದರೂ ಸವಾರಿ ಶಾಲೆಗಳು ಅದರ ಕಡೆ ತಿರುಗಿ ನೋಡದಿರುವುದು ನನಗೆ ನಿಜವಾಗಿಯೂ ನೋವು ತರುತ್ತದೆ.

ನನ್ನ ಈಗಿನ ಏರ್ಪಾಡು ಸರಳ. ಕಸ್ತೂರಿಯ ಮಾಲೀಕರಿಗೆ ಬಿಡುವು ಕಡಿಮೆ. ಅವಳ ಮೇವು, ಲಾಳದ ಖರ್ಚಿನಲ್ಲಿ ಒಂದು ಪಾಲು ನಾನು ಕೊಡುತ್ತೇನೆ. ಬುಧವಾರ, ಭಾನುವಾರ ಅವಳು ನನ್ನವಳು. ಮಳೆ ಜೋರಾದಾಗ ಜಾರುವ ನೆಲದಲ್ಲಿ ಹೊರಗೆ ಹೋಗುವುದಿಲ್ಲ, ಮೇ ತಿಂಗಳಲ್ಲಿ ನೆಲ ಕಲ್ಲಾಗಿ ಕಾಲುಗಳಿಗೆ ಪೆಟ್ಟೆಂದು ಓಡಿಸುವುದಿಲ್ಲ. ದಸರಾದಿಂದ ಶಿವರಾತ್ರಿಯವರೆಗಿನ ಬೆಳಗುಗಳೇ ನಮ್ಮವು. ಕಬ್ಬಿನ ಗದ್ದೆಯ ನಡುವಿನ ಬಂಡಿದಾರಿಯಲ್ಲಿ ಕಿವಿ ಮುಂದೆ ಮಾಡಿ ಅವಳು ಕ್ಯಾಂಟರ್‌ಗೆ ಏರುವಾಗ ಗಾಳಿಯಲ್ಲಿ ಬೆಲ್ಲದ ಗಾಣದ ವಾಸನೆ ಬರುತ್ತದೆ. ಹಿಂದಿನಿಂದ ತಮ್ಮ ಕುದುರೆಯ ಮೇಲೆ ಕಾಕಾ ‘ಸಾಕು ತಂಗಿ, ಇನ್ನು ನಡೆಸಿರಿ’ ಎನ್ನುತ್ತಾರೆ. ಕೊನೆಯ ಕಿಲೋಮೀಟರ್ ಇಳಿದು, ತಂಗು ಒಂದು ತೂತು ಸಡಿಲಿಸಿ, ಅವಳ ಪಕ್ಕದಲ್ಲಿ ನಡೆಯುತ್ತೇನೆ.

ಅದೇ ಲಾಯದ ಇನ್ನೊಂದು ಕುದುರೆಗೂ ಇಂಥ ಪಾಲುದಾರರನ್ನು ಹುಡುಕುತ್ತಿದ್ದಾರೆ. ಇಬ್ಬರು ಸಿಕ್ಕಿದ್ದಾರೆ, ಮೂರನೆಯವರು ಬೇಕು. ಪುಣೆಯಲ್ಲಿದ್ದು, ದುಲ್ಕಿ, ಕ್ಯಾಂಟರ್ ಬಲ್ಲವರಾಗಿದ್ದು, ಬೆಳಗ್ಗೆ ಐದೂವರೆಗೆ ಬಂದು ಗೊರಸು ಕೆರೆಯಲು ಸಿದ್ಧರಿದ್ದರೆ ನನಗೆ ಸಂದೇಶ ಕಳುಹಿಸಿ. ಮೂರು ಭಾನುವಾರ ಕಾಕಾ ನಿಮ್ಮನ್ನು ಅಂಗಳದಲ್ಲೇ ಸುತ್ತಿಸುತ್ತಾರೆ.