ಭೂತದ್ದು ಬೇಕಾ, ಪತ್ತೇದಾರಿ ಬೇಕಾ?

ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ಕೋಲ್ಕತಾಗೆ ಬಂದು ಆರು ವರ್ಷ ಆಯ್ತು. ಇಷ್ಟು ದಿನದಲ್ಲಿ ಕನ್ನಡದ ಬಗ್ಗೆ ಇಲ್ಲಿ ಯಾರು ಏನು ಕೇಳಿದ್ರೂ ಉತ್ತರ ಕೊಟ್ಟಿದೀನಿ. ಹೋದ ತಿಂಗಳು ಎದುರು ಮನೆ ತಾತ ಲಿಫ್ಟಿನಲ್ಲಿ ಒಂದು ಪ್ರಶ್ನೆ ಕೇಳಿದ್ರು ನೋಡಿ, ನಾಲ್ಕನೇ ಮಹಡಿಯಿಂದ ಕೆಳಗೆ ಇಳಿಯೋವರೆಗೂ ಬಾಯಿಗೆ ಏನೂ ಬರಲಿಲ್ಲ. "ನಿಮ್ಮ ಭಾಷೇಲಿ ಒಂಬತ್ತು ಹತ್ತು ವರ್ಷದ ಮಕ್ಕಳು ಏನು ಓದ್ತಾರೆ?"

ಚಂದಮಾಮ ಅಂದೆ. ಅದು ನಮ್ಮಲ್ಲೂ ಬರ್ತಿತ್ತಲ್ಲ, ನಮ್ಮ ಮಕ್ಕಳೂ ಓದಿದಾರೆ ಅಂದ್ರು. ಪಂಚತಂತ್ರ ಅಂದೆ. ಅದು ಎಲ್ಲರದ್ದೂ ಹೌದು, ನಿಮ್ಮದೇ ಅಂತ ಹೇಳಪ್ಪ ಅಂದ್ರು. ಅಷ್ಟರಲ್ಲಿ ಲಿಫ್ಟ್ ಬಾಗಿಲು ತೆಗೀತು, ಅವರು ಛತ್ರಿ ಹಿಡ್ಕೊಂಡು ವಾಕಿಂಗ್ ಹೋದ್ರು, ನಾನು ಮೆಟ್ರೋ ಹತ್ತಿ ಆಫೀಸ್ ತಲುಪಿದ ಮೇಲೂ ಅದೇ ಯೋಚನೆ. ಕುವೆಂಪು, ಕಾರಂತ, ಬೇಂದ್ರೆ ಅಂತ ಎಂಟು ಜ್ಞಾನಪೀಠದ ಲೆಕ್ಕ ಹೇಳೋ ನಮಗೆ ಒಂಬತ್ತು ವರ್ಷದ ಒಂದು ಮಗುವಿನ ಕೈಗೆ ಕೊಡಕ್ಕೆ ಒಂದು ಪುಸ್ತಕದ ಹೆಸರು ತಕ್ಷಣ ನಾಲಿಗೆ ಮೇಲೆ ಬರಲ್ಲ ಅಂದ್ರೆ ಏನರ್ಥ?

ಈ ತಾತ (ನನ್ನ ಮಗಳು ದಾದು ಅಂತಾಳೆ, ನಾನೂ ಹಾಗೇ ಅಂತೀನಿ) ಎರಡು ವರ್ಷದ ಹಿಂದೆ ನಮ್ಮ ಮನೆ ಬಾಗಿಲು ತಟ್ಟಿದ್ರು. ಮಗಳಿಗೆ ಶಾಲೇಲಿ ಬಾಂಗ್ಲಾ ಸೆಕೆಂಡ್ ಲ್ಯಾಂಗ್ವೇಜು, ಆಗ ತಾನೇ ಅಕ್ಷರ ಕೂಡಿಸಿ ಓದಕ್ಕೆ ಶುರು ಮಾಡಿದ್ಲು, ಅದು ಹೇಗೋ ಅವರಿಗೆ ಗೊತ್ತಾಗಿ ಒಂದು ಹಳೇ ಪುಸ್ತಕ ತಂದುಕೊಟ್ರು. ಸತ್ಯಜಿತ್ ರಾಯ್ ಬರೆದಿರೋ ಸೋನಾರ್ ಕೆಲ್ಲಾ. ಬೈಂಡಿಂಗ್ ಬಿಟ್ಟು ದಾರ ಹೊರಗೆ ಬಂದಿತ್ತು, ಅಟ್ಟೆಗೆ ಹಳೇ ಕ್ಯಾಲೆಂಡರ್ ಹಾಳೆ ಸುತ್ತಿದ್ರು, ನಡುವಿನ ಒಂದು ಪುಟದಲ್ಲಿ ಸಾಸಿವೆ ಎಣ್ಣೆಯ ದೊಡ್ಡ ಕಲೆ, ಮುರಿ (ನಮ್ಮ ಮಂಡಕ್ಕಿ) ತಿಂತಾ ಓದಿರ್ಬೇಕು ಯಾರೋ. ಮೊದಲನೇ ಪುಟದಲ್ಲಿ ನೀಲಿ ಇಂಕಿನಲ್ಲಿ ಒಬ್ಬ ಹುಡುಗನ ಹೆಸರು, ಪ್ರೀತಿಯ ಯಾರಿಗೆ ಯಾರಿಂದ ಅಂತ ಎರಡು ಸಾಲು, ಕೆಳಗೆ 1984 ಅಂತ ಇಸವಿ. ದಾದು ತಮ್ಮ ಮಗನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದಂತೆ. "ಓದು, ಓದಿ ಆದ ಮೇಲೆ ಬಂದು ಹೇಳು, ನಿಂಗೆ ಯಾವಾಗ ಅನುಮಾನ ಬಂತು ಅಂತ" ಅಂದ್ರು ಮಗಳಿಗೆ. ಇದರಿಂದ ಇದು ಕಲಿ ಅನ್ನಲಿಲ್ಲ, ಬಾಂಗ್ಲಾ ಇಂಪ್ರೂವ್ ಆಗತ್ತೆ ಅಂತಾನೂ ಅನ್ನಲಿಲ್ಲ.

ಪೂರ್ವಜನ್ಮದ ನೆನಪಿರೋ ಒಬ್ಬ ಪುಟ್ಟ ಹುಡುಗ, ಅವನು ಹೇಳೋ ಬಂಗಾರದ ಕೋಟೆ, ಅವನ ಹಿಂದೆ ಬಿದ್ದ ಕಳ್ಳರು, ಪತ್ತೇದಾರ ಫೆಲೂದಾ, ಅವನ ಕಸಿನ್ ತೋಪ್ಸೆ, ರಾಜಸ್ಥಾನಕ್ಕೆ ಹೋಗೋ ರೈಲು, ಒಂಟೆ ಸವಾರಿ. ನನ್ನ ಮಗಳು ದಿನಕ್ಕೆ ಮೂರು ಪುಟದ ಲೆಕ್ಕದಲ್ಲಿ ಒಂದೂವರೆ ತಿಂಗಳು ಓದಿದ್ಲು. ದಿನಾ ಸಂಜೆ ಎದುರು ಮನೆಗೆ ಹೋಗಿ ವರದಿ. ಆಮೇಲೆ ಗೊತ್ತಾಗಿದ್ದು, ನಾವು ಭಾನುವಾರ ಕಾಫಿಪುಡಿ, ಬಾಳೆಎಲೆ ತರಕ್ಕೆ ಹೋಗೋ ಲೇಕ್ ಮಾರ್ಕೆಟ್ ಹತ್ರಾನೇ ರಜನಿ ಸೇನ್ ರೋಡ್ ಇದೆ, ಕತೆಯಲ್ಲಿ ಫೆಲೂದಾ ಮನೆ ಇರೋ ರೋಡು. ಅವತ್ತು ಕಾಫಿಪುಡಿ ಮರೆತು ಆ ರೋಡಲ್ಲಿ ಒಂದೊಂದೇ ಮನೆ ನಂಬರ್ ನೋಡ್ಕೊಂಡು ಓಡಾಡಿದ್ವಿ.

ಅದಾದ ಮೇಲೆ ಕಾಲೇಜ್ ಸ್ಟ್ರೀಟಿಗೆ ಕರ್ಕೊಂಡು ಹೋದೆ. ಫುಟ್‌ಪಾತ್ ಉದ್ದಕ್ಕೂ ತಗಡು ಮರದ ಪುಟ್ಟ ಪುಟ್ಟ ಅಂಗಡಿಗಳು, ನೆಲದಿಂದ ಸೂರಿನ ತನಕ ಪುಸ್ತಕ, ಮಧ್ಯೆ ಒಬ್ಬ ಮನುಷ್ಯ ಕೂರೋವಷ್ಟು ಜಾಗ. ಮಕ್ಕಳ ಪುಸ್ತಕ ಬೇಕಿತ್ತು ಅಂತ ನಾನು ಬಾಯಿ ತೆಗೆದೆ, ಅಂಗಡಿಯವರು ನನ್ನ ಕಡೆ ನೋಡಲೇ ಇಲ್ಲ, ಬಗ್ಗಿ ಮಗಳನ್ನ ಕೇಳಿದ್ರು, "ಭೂತ್, ನಾ ಗೋಯೆಂದಾ?" ಭೂತದ್ದು ಬೇಕಾ, ಪತ್ತೇದಾರಿ ಬೇಕಾ. ಅವಳು ಎರಡೂ ಅಂದ್ಲು. ಯಾವುದು ಓದಿದೀಯ, ಅದರಲ್ಲಿ ಯಾರು ಇಷ್ಟ ಆದ್ರು ಅಂತ ಇನ್ನೊಂದು ಪ್ರಶ್ನೆ. ಜಟಾಯು ಅಂದ್ಲು, ಫೆಲೂದಾ ಜೊತೆ ಇರೋ ಆ ಪತ್ತೇದಾರಿ ಕಾದಂಬರಿಕಾರ. ಓಹೋ ನಗೋದು ಇಷ್ಟ ಹಾಗಾದ್ರೆ, ಅಂತ ಸುಕುಮಾರ್ ರಾಯ್‌ದು ಒಂದು ತೆಗೆದ್ರು, ಲೀಲಾ ಮಜುಂದಾರ್‌ದು ಒಂದು ತೆಗೆದ್ರು. ಎರಡೇ ಪ್ರಶ್ನೆ, ಐದು ನಿಮಿಷ.

ಈಗ ನಮ್ಮ ಕಡೆ ಕತೆ ಹೇಳ್ತೀನಿ, ಬೇಜಾರಿಂದಾನೇ ಹೇಳ್ತೀನಿ. ಹೋದ ವರ್ಷ ದಸರಾ ರಜಕ್ಕೆ ಬಂದಾಗ ಬೆಂಗಳೂರಲ್ಲಿ ಒಂದು ದೊಡ್ಡ ಪುಸ್ತಕದಂಗಡಿಗೆ ಹೋಗಿದ್ವಿ. ಒಂಬತ್ತು ವರ್ಷದವಳಿಗೆ ಕನ್ನಡದಲ್ಲಿ ಒಳ್ಳೇ ಪುಸ್ತಕ ಕೊಡಿ ಅಂದೆ. "ಎಷ್ಟನೇ ಕ್ಲಾಸ್ ಸಾರ್?" ನಾಲ್ಕು ಅಂದೆ. ನೀತಿಕತೆ ಕೊಡ್ಲಾ, ಗಾದೆ ಕೊಡ್ಲಾ, ಪ್ರಬಂಧದ್ದು ಬೇಕಾ ಅಂತ ಕೇಳಿದ್ರು. ಕತೆ ಬೇಕು ಅಂದಿದ್ದಕ್ಕೆ ತೆನಾಲಿ ರಾಮ, ಅಕ್ಬರ್ ಬೀರಬಲ್, ಮಹಾಪುರುಷರ ಜೀವನಚರಿತ್ರೆ ಕೌಂಟರ್ ಮೇಲೆ ಬಂತು. ಮಗಳು ಪಕ್ಕದಲ್ಲೇ ನಿಂತಿದ್ಲು, ಅವಳನ್ನ ಒಂದು ಮಾತೂ ಕೇಳಲಿಲ್ಲ. ಆ ಅಂಗಡಿಯವರದ್ದು ತಪ್ಪು ಅಂತ ನಾನು ಹೇಳಲ್ಲ, ಅವರ ಹತ್ರ ಬರೋ ಅಪ್ಪ ಅಮ್ಮಂದಿರೆಲ್ಲ ಹಾಗೇ ಕೇಳ್ತಾರೆ. ಶಿವಮೊಗ್ಗದಲ್ಲಿ ನನ್ನ ಅಕ್ಕನೂ ಹಾಗೇ ಕೇಳಿದ್ಲು. ಮಗಳು ಪತ್ತೇದಾರಿ ಓದ್ತಾ ಕೂತಿದ್ದನ್ನ ನೋಡಿ, "ಇದ್ರಿಂದ ಏನೋ ಉಪಯೋಗ, ಒಂದು ಜಿಕೆ ಪುಸ್ತಕ ಆದ್ರೂ ಕೊಡಿಸ್ಬಾರ್ದಾ?"

ನಂಗೆ ಅನ್ಸೋದು ಇಷ್ಟೇ. ನಾವು ಮಕ್ಕಳಿಗೆ ಪುಸ್ತಕ ಕೊಡೋದು ಹರಳೆಣ್ಣೆ ಕುಡಿಸಿದ ಹಾಗೆ, ಒಳ್ಳೇದಾಗತ್ತೆ ಕುಡಿ ಅಂತ. ಇಲ್ಲಿಯವರು ಕೊಡೋದು ಊಟಕ್ಕೆ ಕೂತಾಗ ತಮ್ಮ ತಟ್ಟೆಯಿಂದ ಒಂದು ತುತ್ತು ಎತ್ತಿ ಬಾಯಿಗಿಟ್ಟ ಹಾಗೆ. ಅದಕ್ಕೆ ಮೊದಲು ತಾನು ಉಂಡಿರಬೇಕು. ದಾದು ಆ ಪುಸ್ತಕ ಓದಿದಾರೆ, ಅವರ ಹೆಂಡತಿ ಓದಿದಾರೆ, ಮಗ ಓದಿದಾನೆ, ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರೂ ಓದಿದಾರೆ, ಮಗಳ ಕೈಲಿ ಪುಸ್ತಕ ನೋಡಿ ಅವರೂ ನಿಂತು ಎರಡು ಮಾತಾಡ್ತಾರೆ.

ನಾನು ತೀರ್ಥಹಳ್ಳಿ ಕಡೆಯವನು. ನಾನೂ ಪತ್ತೇದಾರಿ ಓದಿದೀನಿ, ಎನ್. ನರಸಿಂಹಯ್ಯನವರ ಕಾದಂಬರಿಗಳು, ಆದ್ರೆ ಸಮಾಜ ಪುಸ್ತಕದ ಒಳಗೆ ಇಟ್ಕೊಂಡು, ಅಟ್ಟದ ಮೇಲೆ ಅಡಿಕೆ ಮೂಟೆ ಹಿಂದೆ ಕೂತು. ಚಿಕ್ಕಪ್ಪ ಒಂದು ಸಲ ಹಿಡಿದು ಬಚ್ಚಲೊಲೆಗೆ ಹಾಕಿದ್ರು, ಕಳ್ಳ ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅದೇ ಚಿಕ್ಕಪ್ಪ ಚಿಕ್ಕವರಿದ್ದಾಗ ಅದನ್ನೇ ಓದಿದ್ರು ಅಂತ ಅವರು ಹೋದ ಮೇಲೆ ಅವರ ಟ್ರಂಕು ತೆಗೆದಾಗ ಗೊತ್ತಾಯ್ತು. ಓದಿದ್ರು, ಇಷ್ಟಪಟ್ಟಿದ್ರು, ಆದ್ರೂ ನಂಗೆ ಕೊಡಲಿಲ್ಲ. ಇಲ್ಲಿ 1984ರಲ್ಲಿ ಒಬ್ಬ ಅಪ್ಪ ಮಗನಿಗೆ ಪತ್ತೇದಾರಿ ಪುಸ್ತಕದ ಮೇಲೆ ಪ್ರೀತಿಯಿಂದ ಅಂತ ಬರೆದು ಕೊಟ್ಟಿದಾರೆ.

ನಮ್ಮ ದೊಡ್ಡವರು ಮಕ್ಕಳನ್ನ ಮರೆತಿದ್ರು ಅಂತ ಅಲ್ಲವೇ ಅಲ್ಲ. ಕಾರಂತರು ಒಬ್ಬರೇ ಕೂತು ಬಾಲ ಪ್ರಪಂಚ ಮೂರು ಸಂಪುಟ ಮಾಡಿದ್ರು. ನಿರಂಜನ ಅವರ ಸಂಪಾದಕತ್ವದಲ್ಲಿ ಜ್ಞಾನಗಂಗೋತ್ರಿ ಏಳು ಸಂಪುಟ. ಭಾರತ ಭಾರತಿ ಮಾಲೆಯ ಪುಟ್ಟ ಪುಸ್ತಕಗಳು 510, ನಾನು ಅದರಲ್ಲಿ ನೂರಾದ್ರೂ ಓದಿರ್ಬೇಕು, ಇವತ್ತಿಗೂ ಕೃತಜ್ಞತೆ ಇದೆ. ಆದ್ರೆ ನೋಡಿ, ಎಲ್ಲವೂ ತಿಳಿವಳಿಕೆ, ಎಲ್ಲವೂ ಆದರ್ಶ. ತುತ್ತೂರಿ, ನಾಗರಹಾವು ಮುಗಿದ ಮೇಲೆ ವಿಶ್ವಕೋಶ. ಮಧ್ಯದಲ್ಲಿ ಎಂಟರಿಂದ ಹನ್ನೊಂದರ ತನಕ, ಮಗು ತಾನೇ ಒಂದು ಮೂಲೇಲಿ ಕೂತು ಮುಂದೇನಾಯ್ತು ಅಂತ ಉಸಿರು ಬಿಗಿ ಹಿಡಿದು ಓದೋ ವಯಸ್ಸಿಗೆ ಒಂದು ಉದ್ದದ ಕತೆ? ಇಲ್ಲಿ ಉಪೇಂದ್ರಕಿಶೋರ್ 1913ರಲ್ಲಿ ಮಕ್ಕಳಿಗೆ ಅಂತಾನೇ ಸಂದೇಶ್ ಪತ್ರಿಕೆ ಶುರು ಮಾಡಿದ್ರು, ಅವರ ಮಗ ಸುಕುಮಾರ್ ಅದರಲ್ಲಿ ಬರೆದ್ರು, ನಿಂತುಹೋಗಿದ್ದನ್ನ ಮೊಮ್ಮಗ ಸತ್ಯಜಿತ್ 1961ರಲ್ಲಿ ಮತ್ತೆ ಶುರು ಮಾಡಿದ್ರು, ಫೆಲೂದಾ ಮೊದಲು ಬಂದಿದ್ದು ಅದರಲ್ಲೇ, 1965ರಲ್ಲಿ. ಅಷ್ಟು ದೊಡ್ಡ ಸಿನಿಮಾದವರು ಮಕ್ಕಳಿಗೆ ಕತೆ ಬರೆದು ಚಿತ್ರಾನೂ ತಾವೇ ಬಿಡಿಸ್ತಿದ್ರು. ದುರ್ಗಾಪೂಜೆ ಬಂತು ಅಂದ್ರೆ ಇಲ್ಲಿ ಮಕ್ಕಳಿಗೂ ಪೂಜಾ ವಿಶೇಷಾಂಕ, ಹೊಸ ಬಟ್ಟೆ ಜೊತೆ ಅದೂ ಮನೆಗೆ ಬರಬೇಕು. ನಮ್ಮ ದೀಪಾವಳಿ ವಿಶೇಷಾಂಕದಲ್ಲಿ ಮಕ್ಕಳಿಗೆ ಎಷ್ಟು ಪುಟ ಇರತ್ತೆ ಅಂತ ಒಂದು ಸಲ ತಿರುಗಿಸಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದೇ ಇದ್ರೂ. ನಾಲ್ಕನೇ ಫೆಲೂದಾ ಮುಗಿಸಿದ ಮೇಲೆ ಮಗಳು ಕೇಳಿದ್ಲು, ಇದರಲ್ಲಿ ಹುಡುಗೀರು ಯಾಕೆ ಇಲ್ಲ ಅಂತ. ದಾದು ಹತ್ರಾನೂ ಕೇಳಿದ್ಲಂತೆ, ಅವರು ಸುಮ್ಮನಾಗಿಬಿಟ್ರಂತೆ. ಇನ್ನೊಂದು, ಇಲ್ಲಿಯವರು ಕೊಡೋ ಹೆಸರುಗಳು ಅವೇ, ತಾವು ಓದಿದ್ದೇ, ಮೊನ್ನೆ ಮೊನ್ನೆ ಬಂದ ಹೊಸಬರ ಪುಸ್ತಕ ಕೇಳಿದ್ರೆ ಅವರೂ ತಡವರಿಸ್ತಾರೆ. ಜನವರಿ ಪುಸ್ತಕ ಮೇಳದಲ್ಲಿ ನೋಡಿದೆ, ಮಕ್ಕಳು ಮುತ್ತಿಕೊಂಡಿದ್ದು ಇಂಗ್ಲಿಷ್ ಸ್ಟಾಲಿಗೇ, ಬಾಂಗ್ಲಾ ಸ್ಟಾಲಲ್ಲಿ ಪುಸ್ತಕ ಎತ್ತಿ ನೋಡ್ತಾ ಇದ್ದಿದ್ದು ನನ್ನ ವಯಸ್ಸಿನವರು.

ಕನ್ನಡದಲ್ಲಿ ಇಲ್ಲ ಅಂದ್ನಲ್ಲ, ಅದೂ ಪೂರ್ತಿ ನಿಜ ಅಲ್ಲ. ಆ ಲಿಫ್ಟಿನ ಪ್ರಶ್ನೆ ಆದ ಮೇಲೆ ಹುಡುಕಿದೆ. ನಮ್ಮ ಸಾಗರದ ನಾ. ಡಿಸೋಜ ಅವರ ಮುಳುಗಡೆಯ ಊರಿಗೆ ಬಂದವರು, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದ್ದು, ಶರಾವತಿ ಮುಳುಗಡೆ ಅಂದ್ರೆ ಏನು ಅಂತ ನಮ್ಮ ಕಡೆ ಮನೆಗಳಲ್ಲಿ ದೊಡ್ಡವರು ಪಿಸುಮಾತಲ್ಲಿ ಹೇಳ್ತಿದ್ದಿದ್ದು ಮಕ್ಕಳ ಕಾದಂಬರಿ ಆಗಿದೆ ಅಂತ ನಂಗೆ ಗೊತ್ತೇ ಇರಲಿಲ್ಲ. ಬಸು ಬೇವಿನಗಿಡದ ಅವರ ಓಡಿ ಹೋದ ಹುಡುಗ, ತಮ್ಮಣ್ಣ ಬೀಗಾರ ಅವರ ಬಾವಲಿ ಗುಹೆ, ವಿಜಯಶ್ರೀ ಹಾಲಾಡಿ ಅವರ ಸೂರಕ್ಕಿ ಗೇಟ್, 2021, 22, 23 ಸಾಲಾಗಿ ಅದೇ ಪುರಸ್ಕಾರ. ಪುಸ್ತಕ ಬಂದಿದೆ, ಬಹುಮಾನಾನೂ ಬಂದಿದೆ, ಆ ಅಂಗಡಿಯ ಕೌಂಟರಿಗೆ ಬಂದಿಲ್ಲ, ನಮ್ಮ ಬಾಯಿಗೂ ಬಂದಿಲ್ಲ. ಹೆಸರು ಹೇಳೋರೇ ಇಲ್ಲದೇ ಇದ್ರೆ ಮಗುವಿಗೆ ಗೊತ್ತಾಗೋದು ಹೇಗೆ?

ಎಲ್ಲಕ್ಕಿಂತ ಮೊದಲು ನೆನಪಾಗಬೇಕಿದ್ದು ತೇಜಸ್ವಿ. ಪರಿಸರದ ಕತೆಯನ್ನ ಮಕ್ಕಳಿಗೆ ಅಂತ ಬರೆದಿದ್ದಲ್ಲ ನಿಜ, ಆದ್ರೆ ಕಿವಿ ಅನ್ನೋ ಆ ನಾಯಿ ಯಾವ ಮಗುವಿಗೆ ಬೇಡ? ಮಗಳಿಗೆ ಕನ್ನಡ ಓದೋದು ನಿಧಾನ, ಭಾನುವಾರ ನಾನು ಕಲಿಸಿದಷ್ಟೇ, ಹಾಗಾಗಿ ರಾತ್ರಿ ನಾನೇ ಓದಿ ಹೇಳ್ತಾ ಇದೀನಿ. ಕಿವಿಯೊಡನೆ ಒಂದು ದಿನ ಓದಿದ ರಾತ್ರಿ ಅವಳು ಎರಡು ಸಲ ಎದ್ದು ಕೂತು ಇನ್ನೊಂದು ಸಲ ಅಂದ್ಲು. ಓದ್ತಾ ಓದ್ತಾ ನಾನು ಮಧ್ಯೆ ನಮ್ಮೂರ ಇಂಬಳದ ಕತೆ, ಅಜ್ಜನ ಮನೆ ನಾಯಿ ಕತೆ ಎಲ್ಲ ಸೇರಿಸ್ತೀನಿ, ಅವಳು ಗಟ್ಟಿಯಾಗಿ "ಅಪ್ಪ, ಪುಸ್ತಕದಲ್ಲಿ ಇರೋದು ಮಾತ್ರ" ಅಂತಾಳೆ.

ಮಾರನೇ ದಿನ ದಾದುಗೆ ಹೇಳಿದೆ, ಸಿಕ್ತು ಅಂತ. ಆಗ ಗೊತ್ತಾಯ್ತು ಅವರು ಸುಮ್ಮನೆ ಕೇಳಿದ್ದಲ್ಲ. ಅವರ ಮಗ, ಅದೇ 1984ರ ಹುಡುಗ, ಈಗ ಬೆಂಗಳೂರಲ್ಲಿದಾರೆ, ಐಟಿ ಕೆಲಸ. ಮೊಮ್ಮಗನಿಗೆ ಹತ್ತು ವರ್ಷ, ಬಾಂಗ್ಲಾ ಮಾತಾಡ್ತಾನೆ, ಓದಕ್ಕೆ ಬರಲ್ಲ. ಶಾಲೇಲಿ ಕನ್ನಡ ಇದೆ. ತಮ್ಮ ಕಪಾಟಿನ ಪುಸ್ತಕಗಳನ್ನ ಅವನು ಓದಲ್ಲ ಅಂತ ಗೊತ್ತಾದ ಮೇಲೇ ಅವರು ನನ್ನ ಮಗಳ ಬಾಗಿಲು ತಟ್ಟಿದ್ದು. ಈಗ ಅವನಿಗೆ ಬರೋ ಅಕ್ಷರದಲ್ಲಾದ್ರೂ ಒಂದು ಒಳ್ಳೇ ಪುಸ್ತಕ ಕೊಡಬೇಕು ಅಂತ ಅವರ ಆಸೆ.

ಇನ್ನೊಂದು ಪ್ರತಿ ಪರಿಸರದ ಕತೆ ತರಿಸಿದೆ. ದಾದು ಮೊದಲನೇ ಪುಟದಲ್ಲಿ ನೀಲಿ ಇಂಕಿನಲ್ಲಿ ಬಾಂಗ್ಲಾದಲ್ಲಿ ಎರಡು ಸಾಲು ಬರೆದ್ರು, ಕೆಳಗೆ ಮಗಳು ಅದನ್ನೇ ಕನ್ನಡದಲ್ಲಿ ಬರೆದ್ಲು, ಒತ್ತಕ್ಷರ ಒಂದು ಕಡೆ ತಪ್ಪಾಗಿತ್ತು, ಇರಲಿ ಅಂತ ಬಿಟ್ಟೆ. ಹೋದ ವಾರ ಆ ಹುಡುಗ ತಾತನಿಗೆ ಫೋನ್ ಮಾಡಿದ್ದ. ಅರ್ಧಕ್ಕರ್ಧ ಪದ ಗೊತ್ತಾಗಲ್ವಂತೆ, ಮೇಲಿನ ಮನೆ ಆಂಟಿ ಹತ್ರ ಕೇಳ್ಕೊಂಡು ಓದ್ತಾ ಇದಾನಂತೆ. ದಾದು ಓಡಿ ಬಂದು ಫೋನನ್ನ ಸ್ಪೀಕರಿಗೆ ಹಾಕಿ ನನ್ನ ಕೈಗೆ ಕೊಟ್ರು. ಆ ಕಡೆಯಿಂದ ಹುಡುಗ ಕನ್ನಡದಲ್ಲಿ ಕೇಳಿದ, "ಅಂಕಲ್, ಕಿವಿ ಕೊನೇಲಿ ಸತ್ತೋಗಲ್ಲ ತಾನೇ? ಮೊದಲೇ ಹೇಳಿ, ಆಮೇಲೆ ಓದ್ತೀನಿ."

ಮಗಳು ಫೋನ್ ಕಿತ್ಕೊಂಡು, "ಅಪ್ಪ ಹೇಳಬೇಡ, ಹೇಳಬೇಡ" ಅಂದ್ಲು.